ಒಡೆದ ಕವಲು ಮರಳಿ ಸೇರುವ ಬಗೆ: ಇ-ಕಲಿಕೆಯ ಪಾಠರಚನಾ ತಂತ್ರಾಂಶಗಳ ಚರಿತ್ರೆಯಲ್ಲಿ ಒಂದು ಎಳೆ

ಇ-ಕಲಿಕೆಯ ಪಾಠದಲ್ಲಿ ಕವಲು ಪರದೆ ಎಂದರೇನು ಎಂಬುದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಸರಳವಾದದ್ದು: ಕಲಿಯುವವರು ಕೊಟ್ಟ ಉತ್ತರಕ್ಕೆ ತಕ್ಕಂತೆ ಮುಂದಿನ ಪರದೆ ಬದಲಾಗುತ್ತದೆ. ಲೆಕ್ಕಕ್ಕೆ ಕೂತರೆ ಈ ವಿವರಣೆ ಸಾಲದೆಂದು ತಿಳಿಯುತ್ತದೆ. ಪ್ರತಿ ಪ್ರಶ್ನೆಗೆ ಮೂರು ಆಯ್ಕೆ, ಒಂದರ ನಂತರ ಒಂದರಂತೆ ಐದು ಪ್ರಶ್ನೆ, ಒಂದು ಕವಲು ಇನ್ನೊಂದನ್ನು ಎಲ್ಲಿಯೂ ಕೂಡುವುದಿಲ್ಲ ಎಂದಿಟ್ಟುಕೊಳ್ಳೋಣ. ಆಗ ಬರೆಯಬೇಕಾದ ಪರದೆಗಳು 364. ಅವುಗಳಲ್ಲಿ 243 ಬರೀ ಮುಕ್ತಾಯಗಳು. ಒಬ್ಬ ವಿದ್ಯಾರ್ಥಿ ಒಂದು ಸಲಕ್ಕೆ ಕಾಣುವುದು ಆರು ಪರದೆಗಳನ್ನು ಮಾತ್ರ. ಇಷ್ಟು ಬರೆಯುವ ಪುರುಸೊತ್ತು ಯಾವ ಪಾಠಕಾರನಿಗೂ ಇಲ್ಲ, ಬರೆಸುವಷ್ಟು ಹಣ ಯಾವ ಸಂಸ್ಥೆಯ ಬಳಿಯೂ ಇಲ್ಲ.

ಆದ್ದರಿಂದ ಹೀಗೆ ಒಡೆಯುತ್ತಲೇ ಹೋಗುವ ಕವಲುಗಳ ಪೂರ್ಣ ಮರವನ್ನು ಯಾರೂ ಕಟ್ಟಲಿಲ್ಲ. ಈ ತಂತ್ರಾಂಶಗಳ ಚರಿತ್ರೆಯನ್ನು ಕವಲುಗಳು ಹೆಚ್ಚುತ್ತ ಹೋದ ಕಥೆಯಾಗಿ ಹೇಳುವುದು ರೂಢಿ. ಒಡೆದ ಕವಲನ್ನು ಮುಖ್ಯ ದಾರಿಗೆ ಮರಳಿ ತರುವ ಉಪಾಯಗಳ ಕಥೆಯಾಗಿ ಅದನ್ನು ಓದಬೇಕೆಂಬುದು ಈ ಲೇಖನದ ವಾದ. ಹಾಗೆ ಓದಿದರೆ ಇಂದಿನ ಪಾಠರಚನಾ ತಂತ್ರಾಂಶ ಸ್ಟೋರಿಲೈನ್‌ನ ಪರದೆಯೂ 1950ರ ದಶಕದ ಕಾಗದದ ಪುಸ್ತಕವೂ ಒಂದೇ ವಂಶದವು ಎಂಬುದು ಕಾಣುತ್ತದೆ.

ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಸಿಡ್ನಿ ಪ್ರೆಸ್ಸಿ 1926ರಲ್ಲಿ ಒಂದು ಸಣ್ಣ ಯಂತ್ರದ ಬಗ್ಗೆ ಬರೆದರು. ಅದರ ಕಿಟಕಿಯಲ್ಲಿ ಪ್ರಶ್ನೆ ಕಾಣುತ್ತದೆ, ಪಕ್ಕದಲ್ಲಿ ನಾಲ್ಕು ಕೀಲಿಗಳಿವೆ. ಕಲಿಸುವ ಸ್ಥಿತಿಗೆ ತಿರುಗಿಸಿದಾಗ ಸರಿಯಾದ ಕೀಲಿ ಒತ್ತುವ ತನಕ ಪ್ರಶ್ನೆ ಮುಂದಕ್ಕೆ ಸರಿಯುವುದಿಲ್ಲ. ಇಲ್ಲಿ ಕವಲಿಲ್ಲ, ತಡೆ ಮಾತ್ರ ಇದೆ. ಹಾರ್ವರ್ಡ್‌ನ ಬಿ. ಎಫ್. ಸ್ಕಿನ್ನರ್ 1950ರ ದಶಕದಲ್ಲಿ ಕಟ್ಟಿದ ಯಂತ್ರಗಳಲ್ಲಂತೂ ಕವಲಿಗೆ ಜಾಗವೇ ಇರಲಿಲ್ಲ. ತಪ್ಪು ಉತ್ತರವೆಂದರೆ ಪಾಠ ಬರೆದವನ ಸೋಲು ಎಂದು ಅವರು ತಿಳಿದಿದ್ದರು. ಹೆಜ್ಜೆಗಳನ್ನು ಸಾಕಷ್ಟು ಚಿಕ್ಕದು ಮಾಡಿದರೆ ವಿದ್ಯಾರ್ಥಿ ತಪ್ಪುವುದೇ ಅಪರೂಪ, ತಪ್ಪದವನಿಗೆ ಅಡ್ಡದಾರಿ ಬೇಕಿಲ್ಲ. ಆಯ್ಕೆಗಳನ್ನು ಕೊಡುವುದನ್ನೂ ಅವರು ಒಪ್ಪಲಿಲ್ಲ. ತಪ್ಪು ಉತ್ತರಗಳನ್ನು ಚೆಂದವಾಗಿ ಅಚ್ಚು ಹಾಕಿ ವಿದ್ಯಾರ್ಥಿಯ ಮುಂದಿಡುವುದು ಏಕೆ ಎಂಬುದು ಅವರ ತಕರಾರು.

ಇದಕ್ಕೆ ಎದುರು ನಿಂತವರು ನಾರ್ಮನ್ ಕ್ರೌಡರ್. ಅವರ ಹಿನ್ನೆಲೆ ಪ್ರಯೋಗಾಲಯದ್ದಲ್ಲ. ಅಮೆರಿಕದ ವಾಯುಪಡೆಯಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳ ದೋಷ ಪತ್ತೆಹಚ್ಚುವ ತರಬೇತಿಯಲ್ಲಿ ದುಡಿದವರು ಅವರು. ಕೆಟ್ಟ ಉಪಕರಣದ ಮುಂದೆ ಕೂತ ಮೆಕ್ಯಾನಿಕ್ ಊಹಿಸುತ್ತಾನೆ, ತಪ್ಪುತ್ತಾನೆ, ತಪ್ಪು ಎಲ್ಲಾಯಿತೆಂದು ತಿಳಿದು ಹಿಂದಕ್ಕೆ ಬರುತ್ತಾನೆ. ಕ್ರೌಡರ್ ಅವರ ಪಾಠವೂ ಹೀಗೆಯೇ ನಡೆಯುತ್ತದೆ. 1959ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ಇದಕ್ಕೆ ‘ಇಂಟ್ರಿನ್ಸಿಕ್ ಪ್ರೋಗ್ರಾಮಿಂಗ್’ ಎಂಬ ಹೆಸರು ಕೊಟ್ಟರು. ಮೈಕ್ರೋಫಿಲ್ಮ್ ಬಳಸುವ ‘ಆಟೋಟ್ಯೂಟರ್’ ಯಂತ್ರದ ಜೊತೆಗೆ, ಡಬಲ್‌ಡೇ ಪ್ರಕಾಶನ ‘ಟ್ಯೂಟರ್‌ಟೆಕ್ಸ್ಟ್’ ಹೆಸರಿನಲ್ಲಿ ಪುಟಗಳನ್ನು ಬೇಕೆಂದೇ ಕಲಸಿಟ್ಟ ಪುಸ್ತಕಗಳನ್ನು ಹೊರತಂದಿತು. ಒಂದು ಪುಟದ ಕೊನೆಯಲ್ಲಿ ಪ್ರಶ್ನೆ ಬರುತ್ತದೆ, ಪ್ರತಿ ಆಯ್ಕೆಯ ಮುಂದೆ ಒಂದು ಪುಟಸಂಖ್ಯೆ ಇರುತ್ತದೆ. ಸರಿ ಉತ್ತರದ ಪುಟ ಪಾಠವನ್ನು ಮುಂದುವರಿಸುತ್ತದೆ. ತಪ್ಪು ಉತ್ತರದ ಪುಟ, ಆ ನಿರ್ದಿಷ್ಟ ತಪ್ಪಿಗೆ ಏನು ಕಾರಣವಿರಬಹುದೆಂದು ವಿವರಿಸಿ, ಹೊರಟ ಪುಟಕ್ಕೇ ಮರಳುವಂತೆ ಹೇಳುತ್ತದೆ.

ಈ ಕೊನೆಯ ವಾಕ್ಯದಲ್ಲಿ ಇಡೀ ಲೆಕ್ಕ ಬದಲಾಗಿಬಿಡುತ್ತದೆ. ಅದೇ ಐದು ಪ್ರಶ್ನೆ, ಅದೇ ಮೂರು ಆಯ್ಕೆ. ಆದರೆ ಪ್ರತಿ ತಪ್ಪು ಪುಟವೂ ಪ್ರಶ್ನೆಗೆ ಮರಳುವುದರಿಂದ ಬೇಕಾಗುವುದು ಐದು ಪ್ರಶ್ನೆ ಪುಟ, ಹತ್ತು ತಪ್ಪಿನ ಪುಟ, ಒಂದು ಮುಕ್ತಾಯ. ಒಟ್ಟು 16. ಕ್ರೌಡರ್ ಅವರನ್ನು ಕವಲಿನ ಜನಕನೆಂದು ಕರೆಯುತ್ತಾರೆ. ಅವರ ನಿಜವಾದ ಕೊಡುಗೆ, ನನ್ನ ದೃಷ್ಟಿಯಲ್ಲಿ, ಕವಲನ್ನು ಒಂದೇ ಪುಟದ ಉದ್ದಕ್ಕೆ ಮೊಟಕು ಮಾಡಿದ್ದು. ಹೆಚ್ಚು ತಿದ್ದುಪಡಿ ಬೇಕಾದಲ್ಲಿ ನಾಲ್ಕಾರು ಪುಟಗಳ ಉಪದಾರಿಯನ್ನೂ ಅವರು ಹಾಕುತ್ತಿದ್ದರು. ಅದೂ ಕೊನೆಗೆ ಮುಖ್ಯ ದಾರಿಗೇ ಬಂದು ಸೇರುತ್ತಿತ್ತು. ರೇಖೀಯ ಪಾಠ ಮೇಲೋ ಕವಲು ಪಾಠ ಮೇಲೋ ಎಂಬ ಬಗ್ಗೆ 1960ರ ದಶಕದಲ್ಲಿ ಹೋಲಿಕೆಯ ಅಧ್ಯಯನಗಳು ಸಾಕಷ್ಟು ನಡೆದವು. ಯಾವ ಪಕ್ಷಕ್ಕೂ ನಿಚ್ಚಳ ಗೆಲುವು ಸಿಗಲಿಲ್ಲ. ಭಾರತದ ಬಿ.ಎಡ್. ತರಗತಿಗಳಲ್ಲಿ ಸ್ಕಿನ್ನರ್ ಮತ್ತು ಕ್ರೌಡರ್ ಹೆಸರುಗಳು ಇಂದಿಗೂ ಪರೀಕ್ಷೆಯ ಪ್ರಶ್ನೆಯಾಗಿ ಉಳಿದಿವೆ. ಆ ಪ್ರಶ್ನೆಗೆ ಉತ್ತರ ಬರೆದವರೂ ಬೆಂಗಳೂರಿನ ಕಚೇರಿಯೊಂದರಲ್ಲಿ ಇ-ಕಲಿಕೆಯ ಪಾಠಗಳಿಗೆ ಸ್ಟೋರಿಬೋರ್ಡ್ ಬರೆಯುವವರೂ ಒಂದೇ ವಿಷಯದಲ್ಲಿ ತೊಡಗಿದ್ದೇವೆಂದು ತಿಳಿದಿರುವುದು ಅಪರೂಪ.

ಕಂಪ್ಯೂಟರು ಬಂದಾಗ ಪುಟ ತಿರುವುವ ಕೆಲಸ ಯಂತ್ರದ ಪಾಲಾಯಿತು, ದಾರಿಗಳನ್ನು ಬರೆಯುವ ಕೆಲಸ ಪಾಠಕಾರನ ಬಳಿಯೇ ಉಳಿಯಿತು. ಐಬಿಎಂನ ‘ಕೋರ್ಸ್‌ರೈಟರ್’ ಭಾಷೆಯಲ್ಲಿ ಎರಡಕ್ಷರದ ಆದೇಶಗಳಿದ್ದವು: ಪ್ರಶ್ನೆಗೆ ಒಂದು, ಸರಿ ಉತ್ತರಕ್ಕೆ ಒಂದು, ತಪ್ಪು ಉತ್ತರಕ್ಕೆ ಒಂದು, ಮತ್ತು ಪಾಠಕಾರ ನಿರೀಕ್ಷಿಸದೇ ಇದ್ದ ಉತ್ತರಕ್ಕೆ ಇನ್ನೊಂದು. ಈ ನಾಲ್ಕನೆಯದು ಕಾಗದದ ಪುಸ್ತಕದಲ್ಲಿ ಇರಲು ಸಾಧ್ಯವೇ ಇರಲಿಲ್ಲ, ಏಕೆಂದರೆ ಅಚ್ಚಾದ ಆಯ್ಕೆಗಳ ಆಚೆಗೆ ಓದುಗ ಹೋಗಲಾರ. ಕೀಲಿಮಣೆಯಲ್ಲಿ ಬೆರಳಾಡಿಸುವವನು ಏನು ಬೇಕಾದರೂ ಬರೆಯಬಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೋ ಕೇಂದ್ರದಲ್ಲಿ ಜಾನ್ ಸ್ಟಾರ್ಕ್‌ವೆದರ್ ರೂಪಿಸಿದ ‘ಪೈಲಟ್’ ಭಾಷೆ ಇದನ್ನು ಇನ್ನೂ ಅಡಕಗೊಳಿಸಿತು: ತೋರಿಸು, ಪಡೆ, ಹೋಲಿಸು, ಜಿಗಿ. ಪ್ರತಿಯೊಂದಕ್ಕೂ ಒಂದೊಂದೇ ಅಕ್ಷರ. ಹೋಲಿಕೆ ಕೂಡಿದರೆ ಮಾತ್ರ, ಅಥವಾ ಕೂಡದಿದ್ದರೆ ಮಾತ್ರ ನಡೆಯಬೇಕಾದ ಸಾಲಿಗೆ ಇನ್ನೊಂದು ಅಕ್ಷರ ಹಚ್ಚಿದರೆ ಮುಗಿಯಿತು.

ಆದರೆ ಮರಳುವ ದಾರಿಯ ಪ್ರಶ್ನೆಗೆ ನಿಜವಾಗಿ ಹೊಸ ಉತ್ತರ ಕೊಟ್ಟದ್ದು ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ವ್ಯವಸ್ಥೆ. ಡೊನಾಲ್ಡ್ ಬಿಟ್ಜರ್ 1960ರಲ್ಲಿ ಅರ್ಬಾನಾದಲ್ಲಿ ಇದನ್ನು ಆರಂಭಿಸಿದರು. 1967ರಲ್ಲಿ ಪಾಲ್ ಟೆನ್‌ಝಾರ್ ಅದಕ್ಕಾಗಿ ‘ಟ್ಯೂಟರ್’ ಎಂಬ ಭಾಷೆ ರೂಪಿಸಿದರು. 1972ರ ಹೊತ್ತಿಗೆ ಬಂದ ಪ್ಲೇಟೋ 4ರ ಪ್ಲಾಸ್ಮಾ ಪರದೆಯಲ್ಲಿ ಅಡ್ಡಕ್ಕೆ 512, ಉದ್ದಕ್ಕೆ 512 ಚುಕ್ಕೆಗಳಿದ್ದವು. ಅದರ ಮೇಲೆ 16ಕ್ಕೆ 16ರ ಚೌಕಗಳ ಸ್ಪರ್ಶಫಲಕವಿತ್ತು. ಕೀಲಿಮಣೆಯಲ್ಲಿ ‘ನೆಕ್ಸ್ಟ್’, ‘ಬ್ಯಾಕ್’, ‘ಹೆಲ್ಪ್’ ಎಂಬ ಬೇರೆಯೇ ಕೀಲಿಗಳಿದ್ದವು. ವಿದ್ಯಾರ್ಥಿ ‘ಹೆಲ್ಪ್’ ಒತ್ತಿದೊಡನೆ, ಅವನು ಯಾವ ಘಟಕದಲ್ಲಿದ್ದ ಎಂಬುದನ್ನು ಯಂತ್ರವೇ ಗುರುತಿಟ್ಟುಕೊಳ್ಳುತ್ತಿತ್ತು. ಸಹಾಯದ ಪರದೆಗಳು ಒಂದೇ ಇರಲಿ ಹತ್ತಿರಲಿ, ಮುಗಿದ ಮೇಲೆ ಹೊರಟ ಜಾಗಕ್ಕೇ ತಂದು ಬಿಡುತ್ತಿತ್ತು. ಮರಳುವ ಪುಟಸಂಖ್ಯೆಯನ್ನು ಬರೆಯುವ ಹೊರೆ ಪಾಠಕಾರನ ತಲೆಯಿಂದ ಇಳಿಯಿತು. ಒಂದೇ ಸಹಾಯ ಘಟಕವನ್ನು ಇಪ್ಪತ್ತು ಕಡೆಯಿಂದ ಕರೆದರೂ ಅದು ಇಪ್ಪತ್ತು ಕಡೆಗೂ ಸರಿಯಾಗಿ ಮರಳುತ್ತದೆ. ಕ್ರೌಡರ್ ಪುಸ್ತಕದಲ್ಲಿ ಇದಕ್ಕೆ ಇಪ್ಪತ್ತು ಪ್ರತಿ ಅಚ್ಚು ಹಾಕಿಸಬೇಕಿತ್ತು.

ಅದೇ ಕಾಲದ ಟಿಸಿಟ್ ಎಂಬ ಕಂಪ್ಯೂಟರ್ ಪಾಠಗಳ ಯೋಜನೆ ಬೇರೆ ದಾರಿ ಹಿಡಿಯಿತು. ಮೈಟರ್ ಸಂಸ್ಥೆಯೂ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ವಿಕ್ಟರ್ ಬಂಡರ್ಸನ್, ಡೇವಿಡ್ ಮೆರಿಲ್ ಮೊದಲಾದವರೂ ಸೇರಿ ಕವಲಿನ ನಿರ್ಧಾರವನ್ನೇ ಪಾಠಕಾರನಿಂದ ಕಿತ್ತು ವಿದ್ಯಾರ್ಥಿಯ ಕೈಗೆ ಕೊಟ್ಟರು. ನಿಯಮ, ಉದಾಹರಣೆ, ಅಭ್ಯಾಸ, ಸುಲಭ, ಕಠಿಣ, ಸಲಹೆ ಎಂಬ ಕೀಲಿಗಳಿದ್ದವು. ಯಾವುದನ್ನು ಯಾವಾಗ ಒತ್ತಬೇಕೆಂಬುದು ಅವನ ಇಷ್ಟ. ಸಮುದಾಯ ಕಾಲೇಜುಗಳಲ್ಲಿ ನಡೆದ ಮೌಲ್ಯಮಾಪನದಲ್ಲಿ, ಕೋರ್ಸು ಮುಗಿಸಿದವರ ಫಲಿತಾಂಶ ಚೆನ್ನಾಗಿತ್ತು, ಆದರೆ ಮುಗಿಸಿದವರು ಸಾಮಾನ್ಯ ತರಗತಿಗಿಂತ ಕಡಿಮೆ. ಮೆನುವಿನಲ್ಲಿ ಎಲ್ಲವನ್ನೂ ತೆರೆದಿಟ್ಟು ಅದನ್ನೇ ಸ್ವಾತಂತ್ರ್ಯವೆಂದು ಕರೆಯುವ ಇಂದಿನ ಪಾಠಗಳಿಗೂ ಈ ಮಾತು ಅನ್ವಯಿಸುತ್ತದೆಂದು ನನ್ನ ಅನುಮಾನ.

ಆದೇಶಗಳ ಸಾಲು ಹೋಗಿ ಚಿತ್ರ ಬಂದದ್ದು 1980ರ ದಶಕದಲ್ಲಿ. 1987ರಲ್ಲಿ ಬಿಲ್ ಅಟ್ಕಿನ್ಸನ್ ರೂಪಿಸಿದ ‘ಹೈಪರ್‌ಕಾರ್ಡ್’ ಮ್ಯಾಕಿಂಟಾಷ್ ಜೊತೆಗೇ ಬಂದಿತು. ಕಾರ್ಡು, ಕಾರ್ಡಿನ ಮೇಲೆ ಗುಂಡಿ, ಗುಂಡಿಯೊಳಗೆ ‘ಇಂಥ ಕಾರ್ಡಿಗೆ ಹೋಗು’ ಎಂಬ ಒಂದು ಸಾಲು. ಶಿಕ್ಷಕರು ತಾವೇ ಕೂತು ಪಾಠ ಕಟ್ಟಿದರು. ಅದರ ‘ರೀಸೆಂಟ್’ ಆಯ್ಕೆ ಕೊನೆಯ 42 ಕಾರ್ಡುಗಳ ಪುಟ್ಟ ಚಿತ್ರಗಳನ್ನು ಒಟ್ಟಿಗೆ ತೋರಿಸುತ್ತಿತ್ತು. ದಾರಿ ತಪ್ಪಿದವನು ಬಂದ ಹೆಜ್ಜೆಯನ್ನೇ ನೋಡಿ ಹಿಂದಿರುಗಬಹುದಿತ್ತು.

ಪಾಠರಚನೆಯ ದೃಷ್ಟಿಯಿಂದ ಹೆಚ್ಚು ನಿಂತು ನೋಡಬೇಕಾದದ್ದು ‘ಆಥರ್‌ವೇರ್’. ಕಂಟ್ರೋಲ್ ಡೇಟಾ ಕಂಪನಿಯಲ್ಲಿ ಪ್ಲೇಟೋ ಮೇಲೆ ಕೆಲಸ ಮಾಡಿದ್ದ ಮೈಕಲ್ ಆ್ಯಲನ್ ಅದರ ಹಿಂದಿದ್ದವರು. ಹೀಗಾಗಿ ಅರ್ಬಾನಾದ ಅನುಭವ ನೇರವಾಗಿ ಅದರೊಳಗೆ ಹರಿದಿದೆ. ಮೇಲಿಂದ ಕೆಳಕ್ಕೆ ಒಂದು ಗೆರೆ, ಗೆರೆಯ ಮೇಲೆ ಪೋಣಿಸಿದ ಐಕಾನುಗಳು. ‘ಇಂಟರಾಕ್ಷನ್’ ಐಕಾನಿನ ಬಲಕ್ಕೆ ಒಂದೊಂದು ಉತ್ತರವೂ ಕೊಂಬೆಯಂತೆ ನೇತಾಡುತ್ತದೆ. ಗುಂಡಿ ಒತ್ತುವುದು, ಚಿತ್ರದ ಒಂದು ಭಾಗವನ್ನು ಮುಟ್ಟುವುದು, ವಸ್ತುವನ್ನು ಎಳೆದು ತಂದು ಬಿಡುವುದು, ಪದ ಟೈಪಿಸುವುದು, ಸಮಯ ಮೀರುವುದು, ಪ್ರಯತ್ನಗಳ ಮಿತಿ ಮುಗಿಯುವುದು ಎಲ್ಲವೂ ಅಲ್ಲಿ ಉತ್ತರಗಳೇ. ಪ್ರತಿ ಕೊಂಬೆಯ ತುದಿಯ ಬಾಣವನ್ನು ಬೇಕಾದಂತೆ ತಿರುಗಿಸಬಹುದು: ಮತ್ತೆ ಪ್ರಯತ್ನಿಸು, ಪಕ್ಕದ ಕೊಂಬೆಯನ್ನೂ ನೋಡು, ಹೊರಗೆ ಹೋಗು, ಕರೆದಲ್ಲಿಗೆ ಮರಳು. ಅಂದರೆ ಕವಲು ಹೇಗೆ ಮರಳುತ್ತದೆ ಎಂಬುದೇ ಇಲ್ಲಿ ಕಣ್ಣಿಗೆ ಕಾಣುವ ಚಿತ್ರವಾಯಿತು. ಇನ್ನೊಂದು ಸೂಕ್ಷ್ಮವೂ ಇದೆ. ತಪ್ಪಿಗೆ ತೋರಿಸಿದ ತಿದ್ದುಮಾತು ಪರದೆಯಿಂದ ಯಾವಾಗ ಅಳಿಯಬೇಕು? ಮುಂದಿನ ಉತ್ತರಕ್ಕೆ ಮುಂಚೆಯೋ, ಅದರ ನಂತರವೋ, ಹೊರಡುವಾಗಲೋ, ಅಳಿಯುವುದೇ ಬೇಡವೋ? ಎರಡನೆಯ ಸಲ ಯೋಚಿಸುವಾಗ ಮೊದಲ ತಪ್ಪಿನ ವಿವರಣೆ ಕಣ್ಣ ಮುಂದೆ ಇರಬೇಕೇ ಎಂಬುದು ಬೋಧನೆಯ ಪ್ರಶ್ನೆ. ಆಥರ್‌ವೇರ್ ಅದನ್ನು ಪಾಠಕಾರನ ಮುಂದೆ ಬಾಯಿಬಿಟ್ಟು ಕೇಳುತ್ತಿತ್ತು. 1992ರಲ್ಲಿ ಅದು ಮ್ಯಾಕ್ರೋಮೀಡಿಯಾದ ಭಾಗವಾಯಿತು, 2005ರಲ್ಲಿ ಮ್ಯಾಕ್ರೋಮೀಡಿಯಾ ಅಡೋಬಿಗೆ ಸೇರಿತು, 2007ರಲ್ಲಿ ಆಥರ್‌ವೇರ್‌ನ ಅಭಿವೃದ್ಧಿ ನಿಂತಿತು.

ಆಮೇಲೆ ಬಂದ ಸಾಧನಗಳು ಹರಿವಿನ ಗೆರೆಯನ್ನು ಕೈಬಿಟ್ಟು ಪವರ್‌ಪಾಯಿಂಟ್ ಬಲ್ಲವರಿಗೆ ಒಗ್ಗುವ ಸ್ಲೈಡಿನ ರೂಪ ತೊಟ್ಟವು. 2012ರಲ್ಲಿ ಬಂದ ಆರ್ಟಿಕ್ಯುಲೇಟ್ ಸ್ಟೋರಿಲೈನ್ ಇವುಗಳ ಮಾದರಿ. ಅದರ ‘ಲೇಯರ್’ ಎಂಬುದು ಕ್ರೌಡರ್ ಅವರ ತಪ್ಪಿನ ಪುಟವೇ. ಬೇರೆ ಪುಟದಲ್ಲಿರುವ ಬದಲು ಪ್ರಶ್ನೆಯ ಮೇಲೇ ಹಾಸಿಕೊಂಡಿದೆ, ಮುಚ್ಚಿದರೆ ಪ್ರಶ್ನೆ ಅಲ್ಲೇ ಇದೆ. ದೂರದ ಜಿಗಿತಕ್ಕೆ ಟ್ರಿಗರ್, ನೆನಪಿಗೆ ವೇರಿಯಬಲ್. ಈ ನೆನಪೇ ಹೊಸ ತೊಡಕು. ಮರಳಿ ಬಂದ ಸ್ಲೈಡು ಬಿಟ್ಟುಹೋದ ಸ್ಥಿತಿಯಲ್ಲೇ ಇರಬೇಕೋ, ಹೊಸದಾಗಿ ಆರಂಭವಾಗಬೇಕೋ, ತಂತ್ರಾಂಶವೇ ತೀರ್ಮಾನಿಸಬೇಕೋ ಎಂಬ ಮೂರು ಆಯ್ಕೆಗಳು ಸ್ಲೈಡಿನ ಗುಣಲಕ್ಷಣಗಳಲ್ಲಿ ಅಡಗಿ ಕೂತಿವೆ. ಗ್ರಾಹಕನೊಂದಿಗೆ ಮಾತಾಡುವ ಅಭ್ಯಾಸದಲ್ಲಿ ವಿದ್ಯಾರ್ಥಿ ಹಿಂದಿರುಗಿದಾಗ ತಾನು ಒತ್ತಿದ್ದ ಗುಂಡಿ ಇನ್ನೂ ಒತ್ತಿದಂತೆಯೇ ಕಂಡರೆ, ತಪ್ಪು ಹೆಚ್ಚಾಗಿ ಈ ಒಂದು ಆಯ್ಕೆಯಲ್ಲಿರುತ್ತದೆ.

ನೆನಪಿಗೆ ಹೊರಗಿನಿಂದ ಬಿದ್ದ ಮಿತಿಯೂ ಒಂದಿದೆ. ಕೋರ್ಸು ಮತ್ತು ಕಲಿಕಾ ನಿರ್ವಹಣಾ ವ್ಯವಸ್ಥೆ ಪರಸ್ಪರ ಮಾತಾಡಲು 2001ರಲ್ಲಿ ಬಂದ ಸ್ಕಾರ್ಮ್ 1.2 ಮಾನದಂಡ, ಅರ್ಧಕ್ಕೆ ಬಿಟ್ಟ ಪಾಠದ ಸ್ಥಿತಿಯನ್ನು ಕಾಪಿಡಲು 4096 ಅಕ್ಷರಗಳನ್ನಷ್ಟೇ ಕೊಟ್ಟಿತು. ನೋಡಿದ ಸ್ಲೈಡುಗಳು, ವೇರಿಯಬಲ್‌ಗಳು, ಉತ್ತರಗಳು ಎಲ್ಲವೂ ಅದರೊಳಗೇ ಹಿಡಿಯಬೇಕು. ಕವಲು ಹೆಚ್ಚಾದ ಪಾಠ ಈ ಗಡಿ ದಾಟಿದರೆ ವಿದ್ಯಾರ್ಥಿ ಮರುದಿನ ತಪ್ಪು ಜಾಗದಲ್ಲಿ ಏಳುತ್ತಾನೆ. ಸ್ಕಾರ್ಮ್ 2004ರ ನಂತರದ ಆವೃತ್ತಿಗಳು ಇದನ್ನು 64000ಕ್ಕೆ ಏರಿಸಿದವು; ಕವಲಿನ ನಿಯಮಗಳನ್ನು ಪಾಠದ ಪರದೆಗಳ ಹೊರಗೇ ಬರೆಯುವ ಏರ್ಪಾಡನ್ನು ಸ್ಕಾರ್ಮ್ 2004 ಮೊದಲ ಆವೃತ್ತಿಯಲ್ಲೇ ತಂದಿತ್ತು. ಆ ನಿಯಮಗಳ ಜಟಿಲತೆಗೆ ಅಂಜಿ ಬಹುಪಾಲು ಪಾಠಕಾರರು ಇಡೀ ಕೋರ್ಸನ್ನು ಒಂದೇ ಪೊಟ್ಟಣವಾಗಿ ಕಟ್ಟಿ ಕಳಿಸಿದರು. ಒಳಗೆ ಎಷ್ಟು ಕವಲಿದೆ ಎಂಬುದು ನಿರ್ವಹಣಾ ವ್ಯವಸ್ಥೆಗೆ ತಿಳಿಯುವುದೇ ಇಲ್ಲ.

ಕನ್ನಡದ ಪಾಠಗಳಿಗೆ ಬಂದರೆ, ನಾರ್ವೆಯಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ ಎಚ್5ಪಿಯಲ್ಲಿ ಕವಲು ಸನ್ನಿವೇಶ ಕಟ್ಟುವ ಸೌಲಭ್ಯವಿದೆ. ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನದ ಸನ್‌ಬರ್ಡ್ ತಂತ್ರಾಂಶದ ಮೇಲೆ ನಿಂತ, 2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯೂ ಎಚ್5ಪಿ ಪಾಠಗಳನ್ನು ಸ್ವೀಕರಿಸುತ್ತದೆ. ಗುಂಡಿ ಒತ್ತುವ ಕವಲಿಗೆ ಭಾಷೆಯ ಹಂಗಿಲ್ಲ. ತೊಡಕಿರುವುದು ಬರೆದು ಉತ್ತರಿಸುವ ಪರದೆಯಲ್ಲಿ. ‘ಕೋಲಾರ’ ಎಂಬುದರ ಮೊದಲ ಅಕ್ಷರದ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಸಮಾನವೆನ್ನುತ್ತದೆ, ಕಣ್ಣಿಗೂ ಎರಡೂ ಒಂದೇ. ಸಂಕೇತಗಳನ್ನು ಹಾಗೆಯೇ ತಾಳೆ ನೋಡುವ ಪರದೆ ಮಾತ್ರ ಸರಿ ಉತ್ತರವನ್ನು ತಪ್ಪಿನ ಕವಲಿಗೆ ಅಟ್ಟುತ್ತದೆ. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರಲು ಜಾವಾಸ್ಕ್ರಿಪ್ಟ್‌ನಲ್ಲಿ 2015ರಿಂದ ಸಿದ್ಧ ಆದೇಶವಿದೆ. ಅಕ್ಷರಗಳ ನಡುವೆ ಸೇರಿಕೊಳ್ಳುವ, ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳನ್ನು ಬೇರೆಯಾಗಿ ತೆಗೆಯಬೇಕು.

ಅಷ್ಟಕ್ಕೆ ಮುಗಿಯುವುದಿಲ್ಲ. ಪ್ಲೇಟೋದ ಟ್ಯೂಟರ್ ಭಾಷೆಯಲ್ಲಿ, ಉತ್ತರದೊಳಗೆ ಬಂದರೂ ಬರದಿದ್ದರೂ ಲೆಕ್ಕಕ್ಕಿಲ್ಲದ ಪದಗಳನ್ನು ಪಾಠಕಾರ ಪಟ್ಟಿ ಮಾಡಬಹುದಿತ್ತು; ಕಾಗುಣಿತ ತಪ್ಪಿದ ಪದದ ಕೆಳಗೆ ಯಂತ್ರವೇ ಗೆರೆ ಎಳೆಯುತ್ತಿತ್ತು. ಇಂಗ್ಲಿಷಿನಲ್ಲಿ ಬಿಡಬಹುದಾದ ಭಾಗ ಬೇರೆ ಪದವಾಗಿಯೇ ನಿಲ್ಲುವುದರಿಂದ ಆ ಉಪಾಯ ನಡೆಯಿತು. ಒಡೆಯರ ರಾಜಧಾನಿ ಎಲ್ಲಿತ್ತು ಎಂದು ಕೇಳಿದರೆ ಕನ್ನಡದ ವಿದ್ಯಾರ್ಥಿ ‘ಮೈಸೂರು’ ಎಂದೂ ಬರೆಯುತ್ತಾನೆ, ‘ಮೈಸೂರಿನಲ್ಲಿ’ ಎಂದೂ, ‘ಮೈಸೂರಲ್ಲಿ’ ಎಂದೂ ಬರೆಯುತ್ತಾನೆ. ವಿಭಕ್ತಿ ಪದಕ್ಕೇ ಅಂಟಿರುವುದರಿಂದ ಬಿಡಬೇಕಾದ ಪದಗಳ ಪಟ್ಟಿ ಇಲ್ಲಿ ಉಪಯೋಗಕ್ಕೆ ಬಾರದು. ಪದದ ಮೂಲವನ್ನು ಬಿಡಿಸಿ ನೋಡುವ ಹೋಲಿಕೆ ಬೇಕು, ಇಲ್ಲವೇ ಪಾಠಕಾರನೇ ಕೂತು ಪ್ರತಿ ಉತ್ತರದ ರೂಪಗಳನ್ನು ಒಂದೊಂದಾಗಿ ತುಂಬಬೇಕು. ಸದ್ಯಕ್ಕೆ ನಡೆಯುತ್ತಿರುವುದು ಎರಡನೆಯದೇ. ಅದೂ ಬೇಡವೆನ್ನುವವರು ಮೂರು ಗುಂಡಿಗಳನ್ನು ಇಟ್ಟು ಮುಂದೆ ಸಾಗುತ್ತಾರೆ.