ಕೊಂಡವನ ಮೇಲೆಯೇ ಬೀಗ: ಸೋನಿ ಸಿಡಿಯಿಂದ ಗೇಮ್ ಡ್ರೈವರ್‌ವರೆಗೆ

ವಿಡಿಯೋ ನೋಡೋಷ್ಟು ಪುರುಸೊತ್ತು ಇಲ್ಲ, ಲೋಕಲ್ ಟ್ರೇನಲ್ಲೋ ಮೆಟ್ರೋದಲ್ಲೋ ಓದ್ಕೊಂಡು ಹೋಗ್ತೀವಿ ಅನ್ನೋರಿಗಾಗಿ ಈ ಮಾತಿನ ಬರಹ ರೂಪ ಇಲ್ಲಿದೆ.

ಒಂದು ಕಲ್ಪನೆ ಮಾಡ್ಕೊಳ್ಳಿ. ಪುಣೆಯಲ್ಲೋ ಹೈದರಾಬಾದಿನಲ್ಲೋ ಸಾಲ ಸೋಲ ಮಾಡಿ ಫ್ಲ್ಯಾಟ್ ತಗೊಂಡಿದ್ದೀರಿ. ರಿಜಿಸ್ಟ್ರೇಷನ್ ಆಗಿದೆ, ಗೃಹಪ್ರವೇಶ ಆಗಿದೆ. ಆದರೆ ನೀವು ಎಲ್ಲಿ ಗೋಡೆ ಒಡೀತೀರೋ ಅಂತ ಬಿಲ್ಡರ್‌ಗೆ ಅನುಮಾನ. ಹಾಗಾಗಿ ನಿಮಗೆ ಹೇಳದೆ ಬಾಲ್ಕನಿ ಕಡೆ ಒಂದು ಗುಪ್ತ ಬಾಗಿಲು ಮಾಡಿ, ಅದರ ಕೀಲಿಕೈ ತನ್ನ ಹತ್ತಿರ ಇಟ್ಕೊಂಡಿದ್ದಾನೆ. ಅವನ ಉದ್ದೇಶ ಒಳ್ಳೇದೇ ಇರಬಹುದು. ಆದರೆ ಆ ಬಾಗಿಲು ಒಬ್ಬ ಕಳ್ಳನ ಕಣ್ಣಿಗೆ ಬಿದ್ದರೆ ನಷ್ಟ ಯಾರದ್ದು? ಬಿಲ್ಡರ್‌ದಲ್ಲ, ನಿಮ್ಮದು.

ಇದು ಬರೀ ಕಲ್ಪನೆ ಅಲ್ಲ. ಕಂಪ್ಯೂಟರ್ ಮತ್ತು ಗೇಮಿಂಗ್ ಇತಿಹಾಸದಲ್ಲಿ ಇದು ಮತ್ತೆ ಮತ್ತೆ ನಡೆದಿದೆ. ಇವತ್ತು ಅಂಥ ಮೂರು ಘಟ್ಟಗಳನ್ನು ನೋಡೋಣ.

ಮೊದಲ ಘಟ್ಟ: ಹಾಡಿನ ಸಿಡಿಯೊಳಗಿನ ಗೂಢಚಾರ

2005ರ ಅಕ್ಟೋಬರ್ 31. ವಿಂಡೋಸ್ ಒಳಗನ್ನು ಅರೆದು ಕುಡಿದ ಮಾರ್ಕ್ ರುಸಿನೋವಿಚ್ ಎಂಬ ಅಮೆರಿಕನ್ ಎಂಜಿನಿಯರ್ ಒಂದು ಬರಹ ಪ್ರಕಟಿಸಿದರು. ರೂಟ್‌ಕಿಟ್, ಅಂದ್ರೆ ಆಪರೇಟಿಂಗ್ ಸಿಸ್ಟಮ್‌ನ ಕಣ್ಣಿಗೇ ಮಣ್ಣೆರಚಿ ಅಡಗಿ ಕೂರುವ ಪ್ರೋಗ್ರಾಂ. ಅಂಥದ್ದನ್ನು ಪತ್ತೆ ಹಚ್ಚಲು ತಾವೇ ಬರೆದಿದ್ದ ಟೂಲನ್ನು ಅವರು ತಮ್ಮ ಕಂಪ್ಯೂಟರ್ ಮೇಲೆ ಓಡಿಸಿದಾಗ ಅಲ್ಲೇ ಒಂದು ಸಿಕ್ಕಿಬಿಟ್ಟಿತ್ತು! ಬೆನ್ನುಹತ್ತಿ ಹೋದರೆ ಮೂಲ ಯಾವುದೋ ಪೋಲಿ ವೆಬ್‌ಸೈಟ್ ಅಲ್ಲ. ದುಡ್ಡು ಕೊಟ್ಟು ತರಿಸಿದ್ದ ವ್ಯಾನ್ ಝ್ಯಾಂಟ್ ಸೋದರರ ಹಾಡಿನ ಸಿಡಿ. ಪ್ರಕಾಶಕರು ಸೋನಿ ಬಿಎಂಜಿ.

ಒಂದು ಸಿಡಿಯಿಂದ ಮೂರಕ್ಕಿಂತ ಹೆಚ್ಚು ಕಾಪಿ ಆಗಬಾರದು ಅನ್ನೋದು ಕಂಪನಿಯ ಆಸೆ. ಅದಕ್ಕೆ ಬ್ರಿಟನ್ನಿನ ಫಸ್ಟ್ ಫೋರ್ ಇಂಟರ್‌ನೆಟ್ ಎಂಬ ಸಂಸ್ಥೆಯ ಎಕ್ಸ್‌ಸಿಪಿ ಎಂಬ ಸಾಫ್ಟ್‌ವೇರ್ ಬಳಸಿದ್ದರು. ಬಳಕೆದಾರ ಇದನ್ನು ತೆಗೆದುಹಾಕಬಾರದಲ್ಲ, ಹಾಗಾಗಿ ಅದು ಅಡಗಿ ಕೂರುತ್ತಿತ್ತು. ಅಡಗುವ ವಿಧಾನ ಮಾತ್ರ ಅತ್ಯಂತ ಒರಟು: ಡಾಲರ್ ಚಿಹ್ನೆ, ಸಿಸ್, ಮತ್ತೆ ಡಾಲರ್ ಚಿಹ್ನೆ, ಹೀಗೆ ಶುರುವಾಗುವ ಹೆಸರಿನ ಯಾವ ಫೈಲೂ, ಯಾವ ಪ್ರೊಸೆಸ್ಸೂ ವಿಂಡೋಸ್‌ಗೆ ಕಾಣಿಸದಂತೆ ಮಾಡುತ್ತಿತ್ತು. ಗಮನಿಸಿ, ಸೋನಿಯ ಫೈಲ್ ಮಾತ್ರ ಅಲ್ಲ, ಆ ಹೆಸರಿನ ಯಾರ ಫೈಲ್ ಆದ್ರೂ ಸರಿ.

ಇದರ ಲಾಭ ಮೊದಲು ಪಡೆದವರಲ್ಲಿ ಯಾರಿದ್ದರು ಗೊತ್ತಾ? ಗೇಮ್‌ನಲ್ಲಿ ಮೋಸ ಮಾಡೋರು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದಲ್ಲಿ ಮೋಸದ ಪ್ರೋಗ್ರಾಂ ಹುಡುಕಲು ವಾರ್ಡನ್ ಎಂಬ ಕಾವಲುಗಾರ ಸಾಫ್ಟ್‌ವೇರ್ ಇತ್ತು. ಚೀಟ್ ಪ್ರೋಗ್ರಾಂನ ಹೆಸರಿಗೆ ಆ ಅಕ್ಷರಗಳನ್ನು ಸೇರಿಸಿದರೆ ಮುಗೀತು, ಸೋನಿಯ ಸೆರಗಿನ ಹಿಂದೆ ಅಡಗಿದ ಹಾಗೆ. ವಾರ್ಡನ್‌ಗೆ ಕಾಣಿಸೋದೇ ಇಲ್ಲ. ನವೆಂಬರ್ ಎರಡನೇ ವಾರದ ಹೊತ್ತಿಗೆ ಅದೇ ಉಪಾಯ ಬಳಸುವ ಟ್ರೋಜನ್ ವೈರಸ್ ಕೂಡ ಬಂತು. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ಕೇಳಿದ್ದೀವಿ. ಇಲ್ಲಿ ಬೇಲಿ ಹಂದಿಗೆ ದಾರೀನೂ ಮಾಡಿಕೊಟ್ಟಿತ್ತು.

ಸೋನಿ ಬಿಎಂಜಿಯ ಹಿರಿಯ ಅಧಿಕಾರಿ ಥಾಮಸ್ ಹೆಸ್ಸೆ ಅಮೆರಿಕದ ರೇಡಿಯೋದಲ್ಲಿ ಹೇಳಿದ್ದರ ಸಾರಾಂಶ: ಬಹಳಷ್ಟು ಜನರಿಗೆ ರೂಟ್‌ಕಿಟ್ ಅಂದ್ರೇನು ಅಂತಾನೇ ಗೊತ್ತಿಲ್ಲ, ಹಾಗಿದ್ದ ಮೇಲೆ ಅವರು ಯಾಕೆ ತಲೆ ಕೆಡಿಸಿಕೊಳ್ಳಬೇಕು? ಆಮೇಲೆ ಕಂಪನಿ ಅದನ್ನು ತೆಗೆಯೋ ಟೂಲ್ ಕೊಟ್ಟಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ ಫೆಲ್ಟನ್ ಮತ್ತು ಅಲೆಕ್ಸ್ ಹಾಲ್ಡರ್‌ಮನ್ ಅದನ್ನು ಪರೀಕ್ಷಿಸಿದರೆ, ಆ ಟೂಲೇ ಇನ್ನೂ ದೊಡ್ಡ ತೂತು. ಅದನ್ನು ಹಾಕಿಕೊಂಡ ಕಂಪ್ಯೂಟರಿನಲ್ಲಿ ಯಾವುದೇ ವೆಬ್‌ಸೈಟ್ ತನಗೆ ಬೇಕಾದ ಕೋಡ್ ಓಡಿಸಬಹುದಿತ್ತು. ಕೊನೆಗೆ ನವೆಂಬರ್ ಮಧ್ಯದಲ್ಲಿ ಸುಮಾರು 50 ಆಲ್ಬಂಗಳ ಸಿಡಿಗಳನ್ನು ವಾಪಸ್ ಕರೆಸಿಕೊಂಡರು. ಅಷ್ಟರಲ್ಲಿ 20 ಲಕ್ಷಕ್ಕೂ ಹೆಚ್ಚು ಸಿಡಿ ಮಾರಾಟ ಆಗಿದ್ದವು. ಟೆಕ್ಸಾಸ್ ರಾಜ್ಯ ಕೇಸ್ ಹಾಕಿತು, ಗ್ರಾಹಕರೂ ಹಾಕಿದರು. 2007ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆಗಿನ ಒಪ್ಪಂದದಂತೆ, ಕಂಪ್ಯೂಟರ್ ಹಾಳಾದವರಿಗೆ ರಿಪೇರಿ ಖರ್ಚಾಗಿ 150 ಡಾಲರ್‌ವರೆಗೆ ಕೊಡಲು ಕಂಪನಿ ಒಪ್ಪಿಕೊಂಡಿತು.

ನನ್ನ ಪ್ರಕಾರ ಈ ಕಥೆಯ ಮುಖ್ಯ ಭಾಗ ಬೇರೆಯೇ ಇದೆ. ಪ್ರಿನ್ಸ್‌ಟನ್‌ನ ಆ ಇಬ್ಬರಿಗೆ ಈ ಸಿಡಿಗಳ ಸಮಸ್ಯೆ ರುಸಿನೋವಿಚ್ ಬರಹಕ್ಕಿಂತ ಸುಮಾರು ಒಂದು ತಿಂಗಳು ಮೊದಲೇ ಗೊತ್ತಾಗಿತ್ತು. ಆದರೂ ತಕ್ಷಣ ಹೇಳಲಿಲ್ಲ. ಯಾಕೆ? ಅಮೆರಿಕದಲ್ಲಿ 1998ರ ಡಿಎಂಸಿಎ ಎಂಬ ಕಾನೂನಿದೆ. ಕಾಪಿರೈಟ್ ಕಾಯುವ ಡಿಜಿಟಲ್ ಬೀಗವನ್ನು ಮುರಿಯೋದೇ ಅದರ ಪ್ರಕಾರ ತಪ್ಪು. ಬೀಗದ ದೋಷ ಬಯಲು ಮಾಡಿದರೆ ನಮ್ಮ ಮೇಲೇ ಕೇಸ್ ಬೀಳುತ್ತಾ ಅಂತ ಅವರು ವಕೀಲರ ಹತ್ತಿರ ಕೇಳ್ತಾ ಕೂತಿದ್ದರು. ಆ ಒಂದು ತಿಂಗಳಲ್ಲಿ ಅದೆಷ್ಟು ಜನ ಆ ಸಿಡಿ ತಂದು ಕಂಪ್ಯೂಟರಿಗೆ ಹಾಕಿರಬಹುದು! ಮನೆಗೆ ಬೆಂಕಿ ಬಿದ್ದಿದೆ ಅಂತ ಕೂಗೋ ಮೊದಲು ಪಕ್ಕದ ಮನೆಯವನು ವಕೀಲರನ್ನು ಕೇಳಬೇಕಾದ ಪರಿಸ್ಥಿತಿ ಇದು. 2006ರಲ್ಲಿ ಇಂಥ ಸಿಡಿಗಳ ಭದ್ರತಾ ಪರೀಕ್ಷೆಗೆ ಕಾನೂನಿನಲ್ಲಿ ವಿನಾಯಿತಿ ಸಿಕ್ಕಿತು. ಆದರೆ ಅದು ಸಿಕ್ಕಿದ್ದು ಎಲ್ಲಾ ಆದಮೇಲೆ.

ಎರಡನೇ ಘಟ್ಟ: ಕೊಟ್ಟಿದ್ದನ್ನು ಕಿತ್ತುಕೊಂಡ ಪ್ಲೇಸ್ಟೇಷನ್

ಈಗ ಹಾಡಿನಿಂದ ಆಟಕ್ಕೆ ಬರೋಣ. ಸೋನಿಯ ಇನ್ನೊಂದು ಶಾಖೆ 2006ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 3 ಬಿಡುಗಡೆ ಮಾಡಿತು. ಅದರಲ್ಲಿ ಅದರ್ ಓಎಸ್ ಅಂತ ಒಂದು ಸೌಲಭ್ಯ ಇತ್ತು, ಅಂದ್ರೆ ಬೇಕಿದ್ದರೆ ಲಿನಕ್ಸ್ ಹಾಕ್ಕೊಳ್ಳಬಹುದು. ಜನ ಇದನ್ನು ನಿಜವಾಗಿಯೂ ಬಳಸಿದರು. ಮೆಸಾಚುಸೆಟ್ಸ್‌ನ ಭೌತವಿಜ್ಞಾನಿ ಗೌರವ್ ಖನ್ನಾ ಕೆಲವು ಪ್ಲೇಸ್ಟೇಷನ್‌ಗಳನ್ನು ಜೋಡಿಸಿ ಕಪ್ಪುಕುಳಿಗಳ ಲೆಕ್ಕಾಚಾರ ಮಾಡಿದರು. ಅಮೆರಿಕದ ವಾಯುಪಡೆ 1,700ಕ್ಕೂ ಹೆಚ್ಚು ಪ್ಲೇಸ್ಟೇಷನ್ ಸೇರಿಸಿ ಸೂಪರ್‌ಕಂಪ್ಯೂಟರನ್ನೇ ಕಟ್ಟಿತು.

2010ರ ಜನವರಿಯಲ್ಲಿ ಜಾರ್ಜ್ ಹಾಟ್ಜ್ ಎಂಬ ಯುವಕ ಪಿಎಸ್3ರ ರಕ್ಷಣೆಯಲ್ಲಿ ಬಿರುಕು ಕಂಡುಹಿಡಿದೆ ಅಂತ ಘೋಷಿಸಿದ. 17ನೇ ವಯಸ್ಸಿನಲ್ಲಿ ಮೊದಲ ಐಫೋನಿನ ಬೀಗ ತೆಗೆದವನು ಇವನೇ. ಸೋನಿ ಗಾಬರಿಯಾಗಿ ಏಪ್ರಿಲ್ 1ರ ಅಪ್‌ಡೇಟ್‌ನಲ್ಲಿ ಲಿನಕ್ಸ್ ಸೌಲಭ್ಯವನ್ನೇ ತೆಗೆದುಹಾಕಿತು. ಅಪ್‌ಡೇಟ್ ಬೇಡ ಅಂದ್ರೆ? ಆನ್‌ಲೈನ್ ಆಟ ಇಲ್ಲ, ಮುಂದೆ ಬರುವ ಎಷ್ಟೋ ಗೇಮ್‌ಗಳೂ ನಡೆಯಲ್ಲ. ಅಂದ್ರೆ ನೀವು ದುಡ್ಡು ಕೊಟ್ಟು ತಗೊಂಡ ಎರಡು ಸೌಲಭ್ಯಗಳಲ್ಲಿ ಒಂದನ್ನು ನೀವೇ ಆರಿಸಿ ಕಳ್ಕೊಳ್ಳಿ ಅಂತ. ಬಾಕ್ಸ್ ಮೇಲೆ ನಿಮ್ಮ ಹೆಸರು, ನಿರ್ಧಾರ ಅವರದ್ದು.

ಅದೇ ವರ್ಷ ಡಿಸೆಂಬರ್ ಕೊನೆಗೆ ಬರ್ಲಿನ್‌ನಲ್ಲಿ ನಡೆದ ಹ್ಯಾಕರ್‌ಗಳ ಸಮಾವೇಶದಲ್ಲಿ ಫೇಲ್‌ಓವರ್‌ಫ್ಲೋ ಎಂಬ ತಂಡ ಪಿಎಸ್3ರ ಬುಡವನ್ನೇ ಬಿಚ್ಚಿಟ್ಟಿತು. ಇದರ ಗಣಿತ ಎಷ್ಟು ಸರಳ ಅಂದ್ರೆ ಹೈಸ್ಕೂಲ್ ಬೀಜಗಣಿತ ಸಾಕು. ಸೋನಿ ತನ್ನ ಸಾಫ್ಟ್‌ವೇರ್‌ಗೆ ಡಿಜಿಟಲ್ ಸಹಿ ಹಾಕುತ್ತೆ, ಸಹಿ ಇಲ್ಲದ್ದನ್ನು ಪಿಎಸ್3 ಓಡಿಸಲ್ಲ. ಪ್ರತಿ ಸಹಿಗೂ ಒಂದು ಹೊಸ, ಯಾರೂ ಊಹಿಸಲಾಗದ ಸಂಖ್ಯೆ ಬಳಸಬೇಕು. ಆ ಸಹಿ ಒಂದು ಸಮೀಕರಣ ಇದ್ದ ಹಾಗೆ, ಅದರಲ್ಲಿ ಗೊತ್ತಿಲ್ಲದ್ದು ಎರಡು: ರಹಸ್ಯ ಕೀಲಿ ಮತ್ತು ಆ ಸಂಖ್ಯೆ. ಒಂದು ಸಮೀಕರಣ, ಎರಡು ಅಜ್ಞಾತ, ಹಾಗಾಗಿ ಬಿಡಿಸೋಕೆ ಆಗಲ್ಲ. ಆದರೆ ಸೋನಿ ಪ್ರತಿ ಸಲವೂ ಅದೇ ಸಂಖ್ಯೆ ಬಳಸಿತ್ತು! ಎರಡು ಸಹಿ ತಗೊಂಡರೆ ಎರಡು ಸಮೀಕರಣ, ಅಜ್ಞಾತಗಳು ಎರಡೇ. ಕೀಲಿ ಕೈಗೆ ಬಂತು. ಕೋಟಿಗಟ್ಟಲೆ ಯಂತ್ರಗಳ ಬೀಗ ಹೀಗೆ ತೆರೆಯಿತು.

ಆ ತಂಡದ ವಾದ ಕುತೂಹಲಕರ. ಪಿಎಸ್3 ಮೂರು ವರ್ಷಕ್ಕೂ ಹೆಚ್ಚು ಕಾಲ ಗಟ್ಟಿಯಾಗಿ ನಿಂತದ್ದೇ ಅದರಲ್ಲಿ ಲಿನಕ್ಸ್‌ಗೆ ಜಾಗ ಇದ್ದದ್ದರಿಂದ. ಕೌಶಲ ಇರುವವರಿಗೆ ಬಾಗಿಲು ಒಡೆಯುವ ಅಗತ್ಯ ಬಿದ್ದಿರಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಒಂದು ವರ್ಷವೂ ತಡೆಯಲಿಲ್ಲ. ನ್ಯಾಯವಾಗಿ ಹೇಳಬೇಕಂದ್ರೆ ಸೋನಿಯ ಭಯ ಪೂರ್ತಿ ಸುಳ್ಳೇನಲ್ಲ. ಬೀಗ ತೆರೆದ ಮೇಲೆ ಪೈರಸಿ ಬಂತು, ಆನ್‌ಲೈನ್ ಆಟಗಳಲ್ಲಿ ಮೋಸವೂ ಹೆಚ್ಚಿತು. ಹಗಲು ರಾತ್ರಿ ಗೇಮ್ ಬರೆಯೋರ ಅನ್ನದ ಪ್ರಶ್ನೆ ಅದು. ಸಮಸ್ಯೆ ನಿಜ, ಮದ್ದು ಮಾತ್ರ ತಪ್ಪು.

2011ರ ಜನವರಿಯಲ್ಲಿ ಹಾಟ್ಜ್ ಮೂಲ ಕೀಲಿಯನ್ನು ಪ್ರಕಟಿಸಿದ. ಸೋನಿ ಕೇಸ್ ಹಾಕಿತು. ಅವನ ವೆಬ್‌ಸೈಟ್‌ಗೆ ಯಾರ್ಯಾರು ಭೇಟಿ ಕೊಟ್ಟಿದ್ದಾರೆ, ಅವರ ಐಪಿ ವಿಳಾಸ ಕೊಡಿ ಅಂತ ಕೋರ್ಟಿನಿಂದ ಅನುಮತಿಯನ್ನೂ ಪಡೆಯಿತು. ಬರೀ ಓದೋಕೆ ಹೋದವನ ಲೆಕ್ಕವೂ ಬೇಕಾಯ್ತು! ಏಪ್ರಿಲ್ 11ರಂದು ರಾಜಿ ಘೋಷಣೆಯಾಯಿತು.

ಸರಿಯಾಗಿ ಒಂಬತ್ತು ದಿನಗಳ ಮೇಲೆ, ಏಪ್ರಿಲ್ 20ರಂದು, ಪ್ಲೇಸ್ಟೇಷನ್ ನೆಟ್‌ವರ್ಕ್ ಬಂದ್ ಆಯಿತು. ಯಾರೋ ಸರ್ವರ್‌ಗೇ ನುಗ್ಗಿದ್ದರು. ಸುಮಾರು 7.7 ಕೋಟಿ ಖಾತೆಗಳ ಹೆಸರು, ವಿಳಾಸ, ಹುಟ್ಟಿದ ದಿನ, ಲಾಗಿನ್ ವಿವರ ಅಪಾಯಕ್ಕೆ ಬಿದ್ದವು. ಈ ವಿಷಯವನ್ನು ಜನರಿಗೆ ಹೇಳಿದ್ದು ಏಪ್ರಿಲ್ 26ರಂದು, ಅಂದ್ರೆ ಆರು ದಿನ ಬಿಟ್ಟು. ಮೂರು ವಾರಕ್ಕೂ ಹೆಚ್ಚು ಕಾಲ ಸೇವೆ ನಿಂತಿತ್ತು. ಟೋಕಿಯೋದಲ್ಲಿ ಕಾಝುವೋ ಹಿರಾಯ್ ಮತ್ತು ಸಹೋದ್ಯೋಗಿಗಳು ತಲೆಬಾಗಿ ಕ್ಷಮೆ ಕೇಳಿದರು. ಕನ್ಸೋಲ್ ಬೀಗ ತೆಗೆದವರೇ ಇದನ್ನೂ ಮಾಡಿದರು ಅಂತ ಎಲ್ಲೂ ಸಾಬೀತಾಗಿಲ್ಲ, ಎರಡನ್ನೂ ಗಂಟು ಹಾಕಬಾರದು.

ಆದರೆ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2013ರಲ್ಲಿ ಸೋನಿಗೆ 2.5 ಲಕ್ಷ ಪೌಂಡ್ ದಂಡ ಹಾಕಿದಾಗ ಹೇಳಿದ್ದನ್ನು ಗಮನಿಸಿ: ಸಾಫ್ಟ್‌ವೇರ್ ಅಪ್‌ಡೇಟ್ ಆಗಿದ್ದಿದ್ದರೆ ಈ ದಾಳಿ ತಡೆಯಬಹುದಿತ್ತು. ನೋಡಿ ಹೇಗಿದೆ! ಗ್ರಾಹಕನಿಗೆ ಅಪ್‌ಡೇಟ್ ಹಾಕದಿದ್ದರೆ ಆನ್‌ಲೈನ್ ಆಟ ಇಲ್ಲ ಅಂದವರು ತಮ್ಮ ಸರ್ವರ್‌ನ ಅಪ್‌ಡೇಟ್ ಮಾಡಿರಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

ಮೂರನೇ ಘಟ್ಟ: ಗೇಮ್ ಆಡದವನಿಗೂ ತಟ್ಟಿದ ಗೇಮ್

ಇದೆಲ್ಲ ಹಳೇ ಕಥೆ ಅಂದ್ಕೋಬೇಡಿ. 2016ರ ಸೆಪ್ಟೆಂಬರಿನಲ್ಲಿ ಕ್ಯಾಪ್‌ಕಾಮ್ ಸಂಸ್ಥೆ ಸ್ಟ್ರೀಟ್ ಫೈಟರ್ 5 ಆಟದ ಪಿಸಿ ಅಪ್‌ಡೇಟ್ ಜೊತೆ ಮೋಸ ತಡೆಯುವ ಒಂದು ಡ್ರೈವರ್ ಕಳಿಸಿತು. ಡ್ರೈವರ್ ಅಂದ್ರೆ ಆಪರೇಟಿಂಗ್ ಸಿಸ್ಟಮ್‌ನ ಗರ್ಭಗುಡಿಯಲ್ಲಿ, ಕರ್ನಲ್‌ನಲ್ಲಿ, ಓಡುವ ಪ್ರೋಗ್ರಾಂ. ಇದು ಪ್ರೊಸೆಸರ್‌ನ ಒಂದು ರಕ್ಷಣೆಯನ್ನು ಆಫ್ ಮಾಡಿ, ಯಾವ ಸಾಮಾನ್ಯ ಪ್ರೋಗ್ರಾಂ ಕೇಳಿದರೂ ಅದರ ಕೋಡನ್ನು ಗರ್ಭಗುಡಿಯಲ್ಲೇ ಓಡಿಸಿಕೊಡುತ್ತಿತ್ತು. ಆಟಗಾರರು ಗಲಾಟೆ ಎಬ್ಬಿಸಿದ ಮೇಲೆ ಬೇಗನೇ ವಾಪಸ್ ತಗೊಂಡರು. ಆದರೆ ಅಧಿಕೃತ ಸಹಿ ಇದ್ದ ಆ ಫೈಲ್ ದಾಳಿಕೋರರ ಜೋಳಿಗೆಗೆ ಸೇರಿಹೋಗಿತ್ತು.

2022ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಗೆನ್‌ಶಿನ್ ಇಂಪ್ಯಾಕ್ಟ್ ಆಟದ ಮೋಸ-ತಡೆ ಡ್ರೈವರನ್ನು ರ‍್ಯಾನ್ಸಮ್‌ವೇರ್ ದಾಳಿಯವರು ಆ್ಯಂಟಿವೈರಸ್ ಕೊಲ್ಲೋಕೆ ಬಳಸಿದ್ದಾರೆ ಅಂತ ಟ್ರೆಂಡ್ ಮೈಕ್ರೋ ವರದಿ ಮಾಡಿತು. ಆ ಕಂಪ್ಯೂಟರಿನಲ್ಲಿ ಗೇಮ್ ಇರಬೇಕು ಅಂತೇನೂ ಇಲ್ಲ. ದಾಳಿಕೋರನೇ ಡ್ರೈವರ್ ತರ್ತಾನೆ; ಸಹಿ ನೋಡಿ ವಿಂಡೋಸ್ ಒಳಗೆ ಬಿಟ್ಕೊಳ್ಳುತ್ತೆ. ಜೀವನದಲ್ಲಿ ಒಂದು ಗೇಮ್ ಆಡದ ಆಫೀಸ್ ಅಕೌಂಟೆಂಟ್‌ನ ಕಂಪ್ಯೂಟರಿಗೂ ಈ ಅಪಾಯ ಇದೆ.

ನಮ್ಮ ಕಾನೂನು, ನಮ್ಮ ಪ್ರಶ್ನೆ

ಭಾರತದಲ್ಲಿ 2012ರ ತಿದ್ದುಪಡಿಯಿಂದ ಕಾಪಿರೈಟ್ ಕಾಯ್ದೆಗೆ 65ಎ ಕಲಂ ಬಂತು. ಇಲ್ಲೂ ಡಿಜಿಟಲ್ ಬೀಗ ಮುರಿಯೋದು ಅಪರಾಧವೇ, ಎರಡು ವರ್ಷದವರೆಗೆ ಜೈಲು. ಆದರೆ ಒಂದು ಒಳ್ಳೇ ವ್ಯತ್ಯಾಸ ಇದೆ: ಕಾಪಿರೈಟ್ ಹಕ್ಕನ್ನು ಉಲ್ಲಂಘಿಸುವ ಉದ್ದೇಶ ಇರಬೇಕು ಅಂತ ಕಾನೂನೇ ಹೇಳುತ್ತೆ. ಎನ್‌ಕ್ರಿಪ್ಶನ್ ಸಂಶೋಧನೆಗೆ, ಮಾಲೀಕರ ಒಪ್ಪಿಗೆ ಇರುವ ಭದ್ರತಾ ಪರೀಕ್ಷೆಗೆ ವಿನಾಯಿತಿಯೂ ಇದೆ. ಪ್ರಿನ್ಸ್‌ಟನ್‌ನವರು ಕಳೆದುಕೊಂಡ ಆ ಒಂದು ತಿಂಗಳನ್ನು ನೆನಪಿಸಿಕೊಂಡರೆ, ಉದ್ದೇಶ ಅನ್ನೋ ಆ ಒಂದು ಪದದ ಬೆಲೆ ಗೊತ್ತಾಗುತ್ತೆ. ಇನ್ನು ಮುಂದೆ ಯಾವ ಸರ್ಕಾರ ಬಂದು ತಿದ್ದಿದರೂ ಆ ಪದ ಅಲ್ಲೇ ಉಳಿಯಬೇಕು.

ಹಾಗಂತ ಎಲ್ಲಾ ಮೋಸ-ತಡೆ ಸಾಫ್ಟ್‌ವೇರ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ವ್ಯಾಲೊರಂಟ್ ಆಟದ ವ್ಯಾನ್‌ಗಾರ್ಡ್ ಕೂಡ ಕಂಪ್ಯೂಟರ್ ಶುರುವಾದಾಗಲೇ ಕರ್ನಲ್‌ನಲ್ಲಿ ಕೂರುತ್ತೆ. ಆದರೆ ಅದು ಇದೆ ಅಂತ ಕಂಪನಿ ಹೇಳುತ್ತೆ, ನೀವು ತೆಗೆದುಹಾಕಬಹುದು, ದೋಷ ಹುಡುಕಿದವರಿಗೆ 1 ಲಕ್ಷ ಡಾಲರ್‌ವರೆಗೆ ಬಹುಮಾನ ಅಂತಲೂ ಘೋಷಿಸಿತ್ತು. ಕೇಸ್ ಹಾಕೋದಕ್ಕೂ ಬಹುಮಾನ ಕೊಡೋದಕ್ಕೂ ಇರುವ ದೂರವೇ ಈ ವರ್ಷಗಳಲ್ಲಿ ಉದ್ಯಮ ಕಲಿತ ಪಾಠ. ಅಪಾಯ ಹೋಗಿಲ್ಲ, ಆದರೆ ಲೆಕ್ಕ ಕೇಳೋಕೆ ಜಾಗ ಇದೆ.

ಹಾಗಾಗಿ ಮುಂದಿನ ಸಲ ನಿಮಗೋ, ಮನೆಯ ಮಕ್ಕಳಿಗೋ ಗೇಮ್ ಇನ್‌ಸ್ಟಾಲ್ ಮಾಡುವಾಗ ಮೂರೇ ಪ್ರಶ್ನೆ ಕೇಳಿ. ಇದು ಒಳಗೆ ಏನು ಇಡುತ್ತೆ ಅಂತ ಹೇಳಿದೆಯಾ? ಬೇಡವಾದಾಗ ಪೂರ್ತಿ ತೆಗೆಯಬಹುದಾ? ಇದರಲ್ಲಿ ತೂತು ಸಿಕ್ಕರೆ ಅದನ್ನು ಹೇಳಿದವನಿಗೆ ಕಂಪನಿ ಥ್ಯಾಂಕ್ಸ್ ಹೇಳುತ್ತಾ, ನೋಟಿಸ್ ಕಳಿಸುತ್ತಾ? ಮೂರಕ್ಕೂ ಉತ್ತರ ಸರಿ ಇಲ್ಲ ಅಂದ್ರೆ, ಬ್ಯಾಂಕ್ ವ್ಯವಹಾರ ಮಾಡುವ ಲ್ಯಾಪ್‌ಟಾಪಿನಲ್ಲಿ ಅಂತೂ ಆ ಗೇಮ್ ಬೇಡ.

ಬೀಗ ಬೇಕು ನಿಜ. ಆದರೆ ಮನೆ ನಮ್ಮದಾದರೆ, ಆ ಬೀಗ ಎಲ್ಲಿದೆ ಅಂತ ಮೊದಲು ನಮಗೆ ಗೊತ್ತಿರಬೇಕು.