ಕೊಟ್ಟಷ್ಟೂ ಬೆಳೆದ ವಿದ್ಯೆ

ನಮ್ಮ ಕುಂದಾಪುರದ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಇಂದಿಗೂ ಒಂದೆರಡು ತಾಳೆಗರಿಯ ಕಟ್ಟುಗಳು ಸಿಕ್ಕುವುದುಂಟು. ಅವುಗಳಿಗೆ ಇನ್ನೂರು ವರ್ಷ ತುಂಬಿರಬಹುದು, ಅಂಚನ್ನು ಹುಳು ತಿಂದಿರಬಹುದು. ಆದರೂ ಗರಿಗೆ ಮಸಿ ಸವರಿ, ಬೆಳಕಿಗೆ ಹಿಡಿದು, ತಾಳ್ಮೆಯಿಂದ ಕುಳಿತರೆ ಬರೆದವನ ಮಾತು ನಮಗೆ ತಲುಪುತ್ತದೆ. ಇನ್ನು ನನ್ನ ಕಥೆಯನ್ನು ಕೇಳಿ. 2003ರ ಸುಮಾರಿಗೆ, ಎಂ.ಎ. ಓದುತ್ತಿದ್ದ ದಿನಗಳಲ್ಲಿ, ಬೈಂದೂರು ಕಡೆಯ ಗದ್ದೆಗಳಲ್ಲಿ ಅಗೆ ನೆಡುವಾಗ ಹೆಂಗಸರು ಹೇಳುವ ಹಾಡುಗಳನ್ನು ಕೇಳಿ ಬರೆದುಕೊಂಡು, ಬಹಳ ಉತ್ಸಾಹದಿಂದ ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿ ಇಟ್ಟಿದ್ದೆ. ಹತ್ತು ವರ್ಷಗಳ ಮೇಲೆ ಹೊಸದೊಂದು ಯಂತ್ರದಲ್ಲಿ ಅದನ್ನು ತೆರೆದಾಗ ಕಂಡದ್ದು ಹಾಡಲ್ಲ. ರೋಮನ್ ಅಕ್ಷರಗಳೂ ಚಿತ್ರವಿಚಿತ್ರವಾದ ಗುರುತುಗಳೂ ಕಲೆತ ಒಂದು ರಾಶಿ. ಹಾಡು ಹೇಳಿದ ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು. ಬರೆದುಕೊಂಡ ನೋಟುಪುಸ್ತಕ ಗೆದ್ದಲಿನ ಪಾಲಾಗಿತ್ತು. ಹಾಡುಗಳು ಪೆಟ್ಟಿಗೆಯೊಳಗೆ ಸುರಕ್ಷಿತವಾಗಿಯೇ ಇದ್ದವು. ಪೆಟ್ಟಿಗೆಯ ಬೀಗದ ಕೈ ಮಾತ್ರ ನನ್ನಲ್ಲಿರಲಿಲ್ಲ.

ಆ ಬೀಗದ ಕೈ ಯಾರಲ್ಲಿರಬೇಕು? ಈ ಪ್ರಶ್ನೆಯನ್ನು ಹಿಡಿದು ಹೊರಟವನಿಗೆ ಎದುರಾದದ್ದು ಲಿನಕ್ಸ್ ಎಂಬ ವ್ಯವಸ್ಥೆಯ ಇತಿಹಾಸ. ಅದು ಯಂತ್ರಶಾಸ್ತ್ರದ ಇತಿಹಾಸವೆಂದು ತಿಳಿದು ಓದಲು ತೊಡಗಿದೆ. ಓದಿ ಮುಗಿಸಿದಾಗ, ವಿದ್ಯೆಯನ್ನು ಮುಚ್ಚಿಡಬೇಕೆ, ಹಂಚಬೇಕೆ ಎಂಬ ಬಹು ಹಳೆಯ ಜಿಜ್ಞಾಸೆಯ ಹೊಸ ಅಧ್ಯಾಯವೆಂದು ತೋರಿತು.

ಮೊದಲು ವಸ್ತುವಿನ ಪರಿಚಯ. ಯಕ್ಷಗಾನದ ಆಟಕ್ಕೆ ಹೋದವರಿಗೆ ರಂಗಸ್ಥಳ ಕಾಣುತ್ತದೆ, ಚೌಕಿ ಕಾಣುವುದಿಲ್ಲ. ಆದರೆ ಯಾವ ವೇಷ ಯಾವಾಗ ಹೊರಡಬೇಕು, ಯಾರಿಗೆ ಯಾವ ಕಿರೀಟ, ಎಲ್ಲಿ ಜಾಗ ಎಂಬುದೆಲ್ಲ ತೀರ್ಮಾನವಾಗುವುದು ಚೌಕಿಯಲ್ಲಿ. ಕಂಪ್ಯೂಟರಿನಲ್ಲಿಯೂ ಹಾಗೆಯೇ. ನಾವು ಪತ್ರ ಬರೆಯುವ, ಚಿತ್ರ ನೋಡುವ, ಲೆಕ್ಕ ಇಡುವ ತಂತ್ರಾಂಶಗಳು ರಂಗಸ್ಥಳದ ವೇಷಗಳು. ಅವುಗಳಿಗೆಲ್ಲ ಯಂತ್ರದ ನೆನಪನ್ನೂ ವೇಳೆಯನ್ನೂ ಹಂಚಿಕೊಟ್ಟು, ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳುವ ಚೌಕಿಗೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಅದರ ತಿರುಳಿಗೆ ಕರ್ನೆಲ್ ಎನ್ನುತ್ತಾರೆ. ತಂತ್ರಾಂಶವನ್ನು ಮನುಷ್ಯರು ಓದಿ ತಿಳಿಯುವಂತೆ ಬರೆದದ್ದು ಸೋರ್ಸ್ ಕೋಡ್, ಎಂದರೆ ಮೂಲ ಬರಹ; ಯಂತ್ರಕ್ಕೆ ಮಾತ್ರ ತಿಳಿಯುವಂತೆ ಅದನ್ನು ಮಾರ್ಪಡಿಸಿದ್ದು ಅಂಗಡಿಯಲ್ಲಿ ದೊರೆಯುವ ರೂಪ. ಮೂಲ ಬರಹವಿದ್ದವನು ತಿದ್ದಬಲ್ಲನು. ಇಲ್ಲದವನು ಕೊಟ್ಟದ್ದನ್ನು ಬಳಸಬಲ್ಲನು, ಅಷ್ಟೆ.

1969ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟಿದರು. ಆ ಪ್ರಯೋಗಶಾಲೆಯ ಒಡೆತನ ದೂರವಾಣಿಯ ದೊಡ್ಡ ಕಂಪೆನಿಯಾದ ಎ.ಟಿ. ಅಂಡ್ ಟಿ.ಯದು. 1956ರ ಒಂದು ನ್ಯಾಯಾಲಯದ ತೀರ್ಪಿನಿಂದಾಗಿ ಆ ಕಂಪೆನಿ ಕಂಪ್ಯೂಟರ್ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಆದುದರಿಂದ ಯುನಿಕ್ಸ್ ಅಲ್ಪ ಶುಲ್ಕಕ್ಕೆ, ಮೂಲ ಬರಹದ ಸಮೇತ, ವಿಶ್ವವಿದ್ಯಾನಿಲಯಗಳನ್ನು ಸೇರಿತು. ಒಂದು ತಲೆಮಾರಿನ ವಿದ್ಯಾರ್ಥಿಗಳು ಅದನ್ನೇ ಓದಿ ಬೆಳೆದರು. 1984ರಲ್ಲಿ ಕಂಪೆನಿ ಒಡೆದು ಆ ನಿರ್ಬಂಧ ತೊಲಗಿದ ಮೇಲೆ ಯುನಿಕ್ಸ್ ಬೆಲೆಬಾಳುವ ಸರಕಾಯಿತು. ಅಲ್ಲಿಯವರೆಗೆ ಪಾಠವಾಗಿದ್ದುದು ಗುಟ್ಟಾಯಿತು.

ಇದೇ ಕಾಲಕ್ಕೆ ಮೆಸಾಚುಸೆಟ್ಸಿನ ಪ್ರಸಿದ್ಧ ತಂತ್ರವಿದ್ಯಾಸಂಸ್ಥೆಯಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬವರಿದ್ದರು. ಅವರ ಪ್ರಯೋಗಶಾಲೆಗೆ ಬಂದ ಹೊಸ ಮುದ್ರಣಯಂತ್ರದಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ತಂತ್ರಾಂಶವನ್ನು ತುಸು ತಿದ್ದಿ ಆ ತೊಂದರೆ ನೀಗೋಣವೆಂದರೆ ಅದರ ಮೂಲ ಬರಹ ಸಿಕ್ಕಲಿಲ್ಲ; ಇದ್ದವರು, ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇವೆ ಎಂದರು. ನೋಡಿದರೆ ಸಣ್ಣ ಸಂಗತಿ. ಆದರೆ ಸ್ಟಾಲ್ಮನ್ನರಿಗೆ ಅದು ನೆರೆಯವನಿಗೆ ನೆರವಾಗುವುದೇ ಅಪರಾಧವಾಗುವ ಕಾಲದ ಮುನ್ಸೂಚನೆಯಾಗಿ ಕಂಡಿತು. 1983ರ ಸೆಪ್ಟೆಂಬರಿನಲ್ಲಿ ಅವರು ಗ್ನು ಎಂಬ ಹೆಸರಿನ ಸ್ವತಂತ್ರ ವ್ಯವಸ್ಥೆಯೊಂದನ್ನು ಕಟ್ಟುವುದಾಗಿ ಸಾರಿದರು. 1989ರಲ್ಲಿ ಜಿ.ಪಿ.ಎಲ್. ಎಂಬ ಪರವಾನಗಿಯನ್ನು ರೂಪಿಸಿದರು. ಅದರ ಸಾರ ಸರಳವಾದದ್ದು: ಬಳಸು, ಓದಿ ತಿಳಿದುಕೋ, ಹಂಚು, ತಿದ್ದು, ಆದರೆ ತಿದ್ದಿದ್ದನ್ನು ಇನ್ನೊಬ್ಬನಿಗೆ ಕೊಡುವಾಗ ನಿನಗೆ ಸಿಕ್ಕ ಈ ಸ್ವಾತಂತ್ರ್ಯವನ್ನೂ ಮೂಲ ಬರಹವನ್ನೂ ಜೊತೆಗೆ ಕೊಡು. ಇಂಗ್ಲಿಷಿನಲ್ಲಿ ಪುಕ್ಕಟೆಗೂ ಸ್ವತಂತ್ರಕ್ಕೂ ಒಂದೇ ಮಾತು ಇರುವುದರಿಂದ ಈ ತತ್ತ್ವವನ್ನು ವಿವರಿಸಲು ಅವರು ಬಹಳ ಹೆಣಗಬೇಕಾಯಿತು. ಕನ್ನಡಿಗರಿಗೆ ಆ ತೊಡಕಿಲ್ಲ. ಬಿಟ್ಟಿ ಬೇರೆ, ಬಿಡುಗಡೆ ಬೇರೆ ಎಂದು ನಮ್ಮ ನುಡಿಯೇ ಹೇಳುತ್ತದೆ.

ಗ್ನು ವ್ಯವಸ್ಥೆಗೆ ಎಲ್ಲ ಅಂಗಗಳೂ ಒಂದೊಂದಾಗಿ ಕೂಡಿಬಂದವು; ಕರ್ನೆಲ್ ಮಾತ್ರ ಸಿದ್ಧವಾಗಲಿಲ್ಲ. ಆ ಕೊರತೆ ತುಂಬಿದವರು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ 21 ವರ್ಷದ ವಿದ್ಯಾರ್ಥಿ, ಲೀನಸ್ ಟಾರ್ವಾಲ್ಡ್ಸ್. 1991ರ ಆಗಸ್ಟ್ 25ರಂದು ಅವರು, ತಾವು ಹವ್ಯಾಸಕ್ಕಾಗಿ ಒಂದು ಸಣ್ಣ ವ್ಯವಸ್ಥೆ ಬರೆಯುತ್ತಿರುವುದಾಗಿಯೂ ಅದೇನೂ ದೊಡ್ಡದಾಗಲಾರದೆಂದೂ ಜಾಲದ ಚರ್ಚಾಗುಂಪೊಂದರಲ್ಲಿ ತಿಳಿಸಿದರು. ಮೊದಲ ಲಿನಕ್ಸಿನಲ್ಲಿದ್ದುದು ಸುಮಾರು 10,000 ಸಾಲು. ಅದನ್ನು ಹಂಚುವಾಗ ಹಣ ಪಡೆಯಕೂಡದೆಂದು ಅವರು ಮೊದಲು ಕಟ್ಟು ಹಾಕಿದ್ದರು. 1992ರಲ್ಲಿ ಆ ಕಟ್ಟನ್ನು ಬಿಚ್ಚಿ, ಸ್ಟಾಲ್ಮನ್ನರ ಜಿ.ಪಿ.ಎಲ್. ಅನ್ನೇ ಒಪ್ಪಿಕೊಂಡರು. ಗ್ನುವಿನ ದೇಹಕ್ಕೆ ಲಿನಕ್ಸಿನ ಜೀವ ಕೂಡಿತು. ದೊಡ್ಡದಾಗಲಾರದೆಂದ ಕೂಸು ಇಂದು ಮೂರು ಕೋಟಿ ಸಾಲುಗಳನ್ನು ಮೀರಿ ಬೆಳೆದಿದೆ. 2017ರ ನವೆಂಬರಿನಿಂದೀಚೆಗೆ ಜಗತ್ತಿನ ಅತಿವೇಗದ 500 ಮಹಾಗಣಕಗಳ ಪಟ್ಟಿಯಲ್ಲಿ ಲಿನಕ್ಸ್ ಅಲ್ಲದ ಯಂತ್ರವೇ ಇಲ್ಲ. 2008ರಲ್ಲಿ ಮಾರುಕಟ್ಟೆಗೆ ಬಂದ ಆಂಡ್ರಾಯ್ಡ್ ಕೂಡ ಇದೇ ಕರ್ನೆಲಿನ ಮೇಲೆ ನಿಂತದ್ದು. ಗಂಗೊಳ್ಳಿಯ ಬಂದರಿನಲ್ಲಿ ಮೀನಿನ ದರ ವಿಚಾರಿಸುವವರ ಅಂಗಿಯ ಜೇಬಿನಲ್ಲಿ, ಅವರಿಗೆ ಅರಿವಿಲ್ಲದೆಯೇ, ಲಿನಕ್ಸ್ ಇದೆ.

ಇನ್ನು ಇದರ ಪ್ರಭೇದಗಳ ವಿಚಾರ. ಹೊಸಬರು ಗಾಬರಿಯಾಗುವುದು ಇಲ್ಲಿಯೇ. ಡೆಬಿಯನ್, ಸ್ಲ್ಯಾಕ್‌ವೇರ್, ಫೆಡೋರಾ, ಉಬುಂಟು, ಮಿಂಟ್, ಹೀಗೆ ಹೆಸರುಗಳಿಗೆ ಕೊನೆಯಿಲ್ಲ. ಇವುಗಳಲ್ಲಿ ನಿಜವಾದ ಲಿನಕ್ಸ್ ಯಾವುದು ಎಂದು ಕೇಳುತ್ತಾರೆ. ನಮ್ಮವರು ಹೀಗೆ ಕೇಳಬೇಕಾಗಿಲ್ಲ. ಪಾರ್ತಿ ಸುಬ್ಬ ಬರೆದ ಪ್ರಸಂಗವನ್ನು ತೆಂಕಿನವರೂ ಆಡುತ್ತಾರೆ, ಬಡಗಿನವರೂ ಆಡುತ್ತಾರೆ. ಚೆಂಡೆ ಬೇರೆ, ಕಿರೀಟ ಬೇರೆ, ಕುಣಿತ ಬೇರೆ. ಬಡಗಿನಲ್ಲಿಯೇ ಮಂದಾರ್ತಿ, ಮಾರಣಕಟ್ಟೆ, ಅಮೃತೇಶ್ವರಿ ಮೇಳಗಳಿಗೆ ತಮ್ಮ ತಮ್ಮ ಕ್ರಮವಿದೆ. ಭಾಗವತರು ಪದ್ಯವೊಂದನ್ನು ಬಿಡಬಹುದು, ಇನ್ನೊಂದನ್ನು ಎತ್ತಿಕೊಳ್ಳಬಹುದು. ಕುಂಬಳೆಗೆ ಹೋಗಿ ಯಾರ ಅಪ್ಪಣೆಯನ್ನೂ ಪಡೆಯಬೇಕಾಗಿಲ್ಲ. ಲಿನಕ್ಸಿನ ವಿತರಣೆಗಳೆಂದರೆ ಇಂಥ ಮೇಳಗಳು. ಪ್ರಸಂಗವೊಂದು, ತಿಟ್ಟು ಹಲವು.

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಇವುಗಳಲ್ಲಿ ಹಿರಿಯವುಗಳಲ್ಲೊಂದು. ಗೆಳತಿ ಡೆಬ್ರಾಳ ಹೆಸರಿಗೆ ತಮ್ಮ ಹೆಸರನ್ನು ಸೇರಿಸಿ ಅವರು ಈ ಹೆಸರನ್ನು ಕಟ್ಟಿದರು. ಇದರ ಹಿಂದೆ ಕಂಪೆನಿಯಿಲ್ಲ, ನಡೆಸುವವರು ಸ್ವಯಂಸೇವಕರು. ಡೆಬಿಯನ್ನಿನ ಮೇಲೆ 2004ರಲ್ಲಿ ಉಬುಂಟು ಕಟ್ಟಲ್ಪಟ್ಟಿತು. 2011ರವರೆಗೆ ಉಬುಂಟುವಿನವರು, ಬೇಕೆಂದು ಕೇಳಿದವರಿಗೆಲ್ಲ ಅಂಚೆಯ ಮೂಲಕ ಸಿ.ಡಿ.ಗಳನ್ನು ಉಚಿತವಾಗಿ ಕಳುಹಿಸುತ್ತಿದ್ದರು. ಭಾರತ ಸರಕಾರದ ಸಿ-ಡ್ಯಾಕ್ ಸಂಸ್ಥೆ 2007ರಲ್ಲಿ ಹೊರತಂದ ಬಾಸ್ ಎಂಬ ವ್ಯವಸ್ಥೆಯೂ ಡೆಬಿಯನ್ನಿನ ಕುಡಿಯೇ. ಬಳಸಲು ಸುಲಭವಾದುದು ಬೇಕೆನ್ನುವ ಮನೆಯವರಿಗೆ ಮಿಂಟ್ ಇದೆ. ಹೊಸತನ್ನು ಮೊದಲೇ ನೋಡಬೇಕೆನ್ನುವವರಿಗೆ ಫೆಡೋರಾ ಇದೆ. ಅವರವರ ರುಚಿ.

ಈಗ ನಮ್ಮ ಅಕ್ಷರಗಳ ಮಾತಿಗೆ ಬರೋಣ. 1991ನೆಯ ಇಸವಿ ಕನ್ನಡಕ್ಕೂ ಮಹತ್ತ್ವದ ಇಸವಿ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಕ್ರಮಸಂಖ್ಯೆಯ ಪಟ್ಟಿಯಿರಬೇಕೆಂದು ಹೊರಟ ಯುನಿಕೋಡಿನ ಮೊದಲ ಆವೃತ್ತಿ ಹೊರಬಂದದ್ದು ಆ ವರ್ಷವೇ. ಅದರಲ್ಲಿ ಕನ್ನಡಕ್ಕೂ ಸ್ಥಾನ ದೊರೆಯಿತು. ಆದರೆ ಪಟ್ಟಿಯಲ್ಲಿ ಹೆಸರು ಸೇರಿದ ಮಾತ್ರಕ್ಕೆ ಊಟ ಬಡಿಸಿದಂತಾಗುವುದಿಲ್ಲ. ಮುಂದೆ ಎಷ್ಟೋ ವರ್ಷ ಕನ್ನಡದ ಒಂದೊಂದು ತಂತ್ರಾಂಶವೂ ತನ್ನದೇ ಗುಪ್ತಸಂಕೇತದಲ್ಲಿ ಅಕ್ಷರಗಳನ್ನು ಇಡುತ್ತಿತ್ತು. ಒಂದರಲ್ಲಿ ಬರೆದದ್ದನ್ನು ಇನ್ನೊಂದು ಓದುತ್ತಿರಲಿಲ್ಲ. ನನ್ನ ನಟ್ಟಿಯ ಹಾಡುಗಳು ಕೆಟ್ಟದ್ದು ಹೀಗೆಯೇ.

ಇದರ ಜೊತೆಗೆ ಕನ್ನಡ ಲಿಪಿಯ ಸಹಜವಾದ ತೊಡಕುಗಳೂ ಇದ್ದವು. ರೋಮನ್ ಅಕ್ಷರಗಳು ಸಾಲಾಗಿ ನಿಲ್ಲುತ್ತವೆ; ನಮ್ಮವು ಒಂದರ ಕೆಳಗೊಂದು ಒತ್ತಾಗಿ ಕುಳಿತುಕೊಳ್ಳುತ್ತವೆ. ‘ಸೂರ್ಯ’ ಎನ್ನುವಾಗ ರಕಾರ ಅರ್ಕಾವೊತ್ತಾಗಿ ಹಿಂದಕ್ಕೆ ಸರಿಯುತ್ತದೆ. ‘ರ‍್ಯಾಂಕ್’ ಎನ್ನುವಾಗ ರಕಾರ ಇದ್ದಲ್ಲಿಯೇ ನಿಂತು ಯಕಾರ ಒತ್ತಾಗುತ್ತದೆ. ಉಚ್ಚಾರದಲ್ಲಿ ಕೂಡುವ ವ್ಯಂಜನಗಳು ಎರಡರಲ್ಲಿಯೂ ಒಂದೇ, ಬರೆಹ ಬೇರೆ. ಯಂತ್ರಕ್ಕೆ ಈ ಭೇದ ತಿಳಿಯುವುದು ಹೇಗೆ? ರಕಾರದ ಬೆನ್ನಿಗೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಗುರುತನ್ನು ಇಟ್ಟು ಇದನ್ನು ಬಗೆಹರಿಸಬೇಕಾಯಿತು. ಕನ್ನಡ ಬಲ್ಲವನಿಗಲ್ಲದೆ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಮುಚ್ಚಿದ ವ್ಯವಸ್ಥೆಯಲ್ಲಾದರೆ ದೂರದ ಕಂಪೆನಿಗೆ ಅರ್ಜಿ ಬರೆದು ಕಾಯಬೇಕು; ಅದರ ದೃಷ್ಟಿಯಲ್ಲಿ ಕನ್ನಡ ಒಂದು ಮಾರುಕಟ್ಟೆ, ಲಾಭ ಕಂಡರೆ ಉಂಟು. ತೆರೆದ ವ್ಯವಸ್ಥೆಯಲ್ಲಿ ಕನ್ನಡ ಬಲ್ಲ ಯಾರು ಬೇಕಾದರೂ ಒಳಹೊಕ್ಕು ತಿದ್ದಬಹುದು, ಮತ್ತು ತಿದ್ದಿದರು. ಕೇದಗೆ, ಮಲ್ಲಿಗೆ ಎಂಬ ಅಕ್ಷರವಿನ್ಯಾಸಗಳು ಜಿ.ಪಿ.ಎಲ್. ಪರವಾನಗಿಯಲ್ಲಿ ಬಂದು ಲಿನಕ್ಸಿನ ವಿತರಣೆಗಳನ್ನು ಸೇರಿದವು. ಗುಬ್ಬಿ, ನವಿಲು ಹಿಂಬಾಲಿಸಿದವು. ಗ್ನೋಮ್, ಕೆ.ಡಿ.ಇ. ಎಂಬ ಮುಖಪುಟಗಳ ಆಜ್ಞೆಗಳನ್ನು ಕನ್ನಡಕ್ಕೆ ತಂದವರಲ್ಲಿ ಅನೇಕರು ಬಿಡುವಿನ ವೇಳೆಯಲ್ಲಿ ದುಡಿದವರು.

ಕೀಲಿಮಣೆಯ ಸಂಗತಿಯಂತೂ ನಮ್ಮ ಜಿಲ್ಲೆಗಳವರು ಹೆಮ್ಮೆಪಡತಕ್ಕದ್ದು. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ನಮ್ಮ ವರ್ಣಮಾಲೆಯ ಕ್ರಮವನ್ನು ಇಂಗ್ಲಿಷ್ ಕೀಲಿಮಣೆಗೆ ಒಗ್ಗಿಸಿದರು. ವ್ಯಂಜನಕ್ಕೆ ಒಂದು ಕೀಲಿ, ಸ್ವರಕ್ಕೆ ಒಂದು ಕೀಲಿ, ಒತ್ತಿಗೆ ಒಂದು ಕೀಲಿ: ಬಾಯಲ್ಲಿ ಹೇಳಿದಂತೆ ಬೆರಳು ಆಡುತ್ತದೆ. ಛಂದಸ್ಸಿನ ಹಿರಿಯ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ಅವರು ಮಾಡಿದ ತಂತ್ರಾಂಶವನ್ನು ಬೆಲೆ ಕಟ್ಟದೆ ಎಲ್ಲರಿಗೂ ಬಿಟ್ಟುಕೊಟ್ಟರು. ಆ ವಿನ್ಯಾಸವೇ ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಕ್ಕೆ ಆಧಾರವಾಯಿತು. ಕರ್ನಾಟಕ ಸರಕಾರವೂ ಅದನ್ನು ಒಪ್ಪಿತು. ಸ್ವಾರಸ್ಯ ಇನ್ನು ಮುಂದಿದೆ. ಇಂದು ಲಿನಕ್ಸ್ ವಿತರಣೆಯೊಂದರಲ್ಲಿ ಭಾರತೀಯ ಕೀಲಿಮಣೆಗಳ ಪಟ್ಟಿಯನ್ನು ತೆರೆದು ನೋಡಿ. ‘ಕಗಪ’ ಎಂಬ ಹೆಸರು ಕಾಣುತ್ತದೆ, ಕನ್ನಡ ಗಣಕ ಪರಿಷತ್ತಿನ ಮೊದಲ ಅಕ್ಷರಗಳು. ಅದು ಕನ್ನಡದ ಮುಂದೆ ಮಾತ್ರವಲ್ಲ, ಹಿಂದಿ, ಮರಾಠಿ, ತೆಲುಗು, ಸಂಸ್ಕೃತಗಳ ಮುಂದೆಯೂ ಇದೆ! ಕನ್ನಡಕ್ಕೆಂದು ಹುಟ್ಟಿದ ಕ್ರಮ ನೆರೆಯ ನುಡಿಗಳಿಗೂ ಹಾದಿಯಾಯಿತು. ಅದಕ್ಕೆ ಬೇಲಿ ಹಾಕಿದ್ದರೆ ಇದು ಆಗುತ್ತಿರಲಿಲ್ಲ.

ಪಾರ್ತಿ ಸುಬ್ಬನ ಸೀಮೆಯಾದ ಕಾಸರಗೋಡಿನಲ್ಲಿ ಇನ್ನೊಂದು ನಿದರ್ಶನವಿದೆ. ಕೇರಳವು 2001ರ ಹೊತ್ತಿಗೆ ಆರಂಭಿಸಿದ ಶಾಲಾ ಕಂಪ್ಯೂಟರ್ ಶಿಕ್ಷಣದ ಯೋಜನೆ ಕ್ರಮೇಣ ಸಂಪೂರ್ಣವಾಗಿ ಸ್ವತಂತ್ರ ತಂತ್ರಾಂಶಕ್ಕೆ ತಿರುಗಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಉಬುಂಟುವನ್ನು ತಮ್ಮ ಪಾಠಕ್ರಮಕ್ಕೆ ತಕ್ಕಂತೆ ಮಾರ್ಪಡಿಸಿ ಅವರು ಶಾಲೆಗಳಿಗೆ ಕೊಡುತ್ತಾರೆ. ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ವಿಷಯದ ಪಠ್ಯಪುಸ್ತಕವೂ ಕನ್ನಡದಲ್ಲಿಯೇ ಇದೆ. ಗಡಿಯಾಚೆ ಉಳಿದು, ನುಡಿಗಾಗಿ ದಶಕಗಳ ಕಾಲ ಹೋರಾಡಿದ ಆ ಕನ್ನಡಿಗರ ಮಕ್ಕಳು ಲಿನಕ್ಸನ್ನು ಕನ್ನಡದಲ್ಲಿ ಕಲಿಯುತ್ತಿರುವಾಗ, ಗಡಿಯ ಈಚೆಗಿನ ನಾವು ಅದರ ಹೆಸರನ್ನೂ ಸರಿಯಾಗಿ ಕೇಳಿಲ್ಲವೆಂಬುದು ಯೋಚಿಸತಕ್ಕ ವಿಷಯ.

ಎಲ್ಲವೂ ಸೊಗಸಾಗಿದೆಯೆಂದು ಹೇಳಿ ವಾಚಕರನ್ನು ಮೋಸಗೊಳಿಸಲಾರೆ. ಅನುವಾದಗಳು ಎಷ್ಟೋ ಕಡೆ ಅರ್ಧಕ್ಕೆ ನಿಂತಿವೆ. ಕೆಲವು ಪದಗಳನ್ನು ಓದಿದರೆ ಇಂಗ್ಲಿಷೇ ಲೇಸೆನಿಸುತ್ತದೆ. ನಿಘಂಟಿನಿಂದ ಹೆಕ್ಕಿದ ಸಂಸ್ಕೃತ, ಯಾರ ಬಾಯಲ್ಲಿಯೂ ಇಲ್ಲದ ಕನ್ನಡ. ಆದರೆ ಈ ದೋಷಕ್ಕೆ ಹೊಣೆ ತಂತ್ರಜ್ಞರಲ್ಲ. ಅವರು ರಾತ್ರಿ ನಿದ್ದೆಗೆಟ್ಟು ತಮ್ಮ ಪಾಲಿನ ಕೆಲಸ ಮಾಡಿದರು. ಪದಗಳ ಕೆಲಸ ನಮ್ಮದಾಗಿತ್ತು. ಕನ್ನಡ ಅಧ್ಯಾಪಕರಾದ ನಾವು ತರಗತಿಗಳಲ್ಲಿ ಕನ್ನಡದ ಅಳಿವು ಉಳಿವಿನ ಬಗ್ಗೆ ಭಾಷಣ ಮಾಡುತ್ತಿದ್ದೆವು. ಬಾಗಿಲು ತೆರೆದೇ ಇತ್ತು, ನಾವು ಒಳಗೆ ಹೋಗಲಿಲ್ಲ.

ಕೊನೆಗೆ ನನ್ನ ಹಾಡುಗಳು ಏನಾದವೆಂದು ಕೇಳುತ್ತೀರಿ. ಹಳೆಯ ಸಂಕೇತದ ಕನ್ನಡವನ್ನು ಯುನಿಕೋಡಿಗೆ ತಿರುಗಿಸುವ ತಂತ್ರಾಂಶವನ್ನು ಯಾರೋ ಪುಣ್ಯಾತ್ಮರು ಬರೆದು, ಮೂಲ ಬರಹದ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ನನ್ನ ವಿದ್ಯಾರ್ಥಿಯೊಬ್ಬ ಅದನ್ನು ತಂದು, ನನ್ನ ಕಡತಕ್ಕೆ ಹೊಂದುವಂತೆ ಅಲ್ಲಲ್ಲಿ ತಿದ್ದಿ, ಓಡಿಸಿದ. ಹಾಡುಗಳು ಮರಳಿ ಬಂದವು. ಹತ್ತಾರು ಸಾಲು ಕೆಟ್ಟಿದ್ದವು, ಉಳಿದುವೆಲ್ಲ ಬಂದವು. ಅಜ್ಜಿ ‘ಹೋಯ್ಕ್’ ಎಂದದ್ದು ‘ಹೋಯ್ಕ್’ ಎಂದೇ ಇತ್ತು. ಆಮೇಲೆ ಆ ಹುಡುಗ ತಾನು ತಿದ್ದಿದ್ದನ್ನು ಮೂಲದ ಲೇಖಕರಿಗೆ ಕಳುಹಿಸಿಕೊಟ್ಟ. ಯಾಕಪ್ಪಾ ಎಂದು ಕೇಳಿದೆ. ‘ಇನ್ನೊಬ್ಬರಿಗೆ ಬೇಕಾಗ್ತಿಲ್ಯಾ, ಸರ್?’ ಎಂದ.