ಹಿಯರಿಂಗ್ ಟೆಸ್ಟ್ ನಾರ್ಮಲ್ ಬಂದರೆ ಕಿವಿಯ ಗುಂಯ್ ಸದ್ದು ಬರೀ ಭ್ರಮೆಯೇ?

“ಟೆಸ್ಟ್ ನಾರ್ಮಲ್ ಬಂತಲ್ಲ, ಕಿವಿಯಲ್ಲಿ ಸದ್ದು ಅನ್ನೋದೆಲ್ಲ ನಿನ್ನ ಭ್ರಮೆ.” ಈ ಮಾತನ್ನು ನೀವು ಕೇಳಿರಬಹುದು, ಮನೆಯವರಿಗೆ ಹೇಳಿಯೂ ಇರಬಹುದು. ಆದರೆ ಇದು ತಪ್ಪು.

ಟಿನಿಟಸ್ ಎಂದರೇನು?
ಹೊರಗೆ ಯಾವ ಶಬ್ದವೂ ಇಲ್ಲದಿದ್ದರೂ ಗುಂಯ್ ಎನ್ನುವ, ಸೀಟಿಯಂಥ ಅಥವಾ ಜೀರುಂಡೆಯಂಥ ಸದ್ದು ಕೇಳಿಸುವುದೇ ಟಿನಿಟಸ್. ಇದು ಕಾಯಿಲೆಯಲ್ಲ, ಲಕ್ಷಣ. ಕಿವಿಯ ಗುಗ್ಗೆ, ವಯಸ್ಸು, ಜೋರು ಶಬ್ದ, ಕೆಲವು ಔಷಧಿಗಳು ಕಾರಣವಾಗಬಹುದು. ಎಷ್ಟೋ ಸಲ ಕಾರಣ ಸಿಗುವುದೇ ಇಲ್ಲ.

ಟೆಸ್ಟ್ ಅಳೆಯುವುದು ಏನನ್ನು?
ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಬಟನ್ ಒತ್ತಿಸುವ ಪರೀಕ್ಷೆಯೇ ಆಡಿಯೋಮೆಟ್ರಿ. ಹೊರಗಿನ ಶಬ್ದ ಎಷ್ಟು ಸಣ್ಣದಾಗಿದ್ದರೂ ನಿಮಗೆ ಕೇಳುತ್ತದೆ ಎಂಬುದನ್ನು ಅದು ಅಳೆಯುತ್ತದೆ, ಒಳಗಿನ ಸದ್ದನ್ನಲ್ಲ. ಸಾಮಾನ್ಯವಾಗಿ 250ರಿಂದ 8000 ಹರ್ಟ್ಜ್‌ವರೆಗೆ ಮಾತ್ರ ನೋಡುತ್ತಾರೆ. ಎಳೆಯ ಕಿವಿ ಸುಮಾರು 20,000 ಹರ್ಟ್ಜ್‌ವರೆಗೂ ಕೇಳಬಲ್ಲದು. ಅಂದರೆ 8000ಕ್ಕಿಂತ ಮೇಲಿನ ತೊಂದರೆ ಈ ವರದಿಯಲ್ಲಿ ಕಾಣುವುದಿಲ್ಲ.

ಬೇಕಿದ್ದರೆ ಆಡಿಯಾಲಜಿಸ್ಟ್ ಬೇರೆ ಬೇರೆ ಸದ್ದು ಕೇಳಿಸಿ, “ನಿಮ್ಮದು ಇದಕ್ಕೆ ಹೋಲುತ್ತದೆಯೇ?” ಎಂದು ತಾಳೆ ನೋಡುತ್ತಾರೆ. ಹೀಗೆ ಅಳೆದಾಗ ಆ ಸದ್ದು ಹೆಚ್ಚಾಗಿ ಕೆಲವೇ ಡೆಸಿಬಲ್ ಇರುತ್ತದೆ. ಆದರೂ ಒಬ್ಬರು ಆರಾಮಾಗಿ ಮಲಗುತ್ತಾರೆ, ಇನ್ನೊಬ್ಬರು ರಾತ್ರಿಯಿಡೀ ಎದ್ದಿರುತ್ತಾರೆ. ಸದ್ದಿನ ಅಳತೆ ಬೇರೆ, ಸಂಕಟದ ಅಳತೆ ಬೇರೆ.

ನಿಮ್ಮ ಮಾತೂ ಪರೀಕ್ಷೆಯೇ
ಆ ಸಂಕಟ ಅಳೆಯಲು 1996ರಲ್ಲಿ ಪ್ರಕಟವಾದ ‘ಟಿನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿ’ ಎಂಬ 25 ಪ್ರಶ್ನೆಗಳ ಪಟ್ಟಿ ಇದೆ, ಕನ್ನಡದಲ್ಲೂ ಬಂದಿದೆ. ನಿದ್ದೆ, ಗಮನ, ಕೋಪ, ಬೇಸರದ ಬಗ್ಗೆ ಕೇಳುತ್ತಾರೆ. ‘ಹೌದು’ಗೆ 4, ‘ಕೆಲವೊಮ್ಮೆ’ಗೆ 2, ‘ಇಲ್ಲ’ಕ್ಕೆ 0 ಅಂಕ. ಒಟ್ಟು 100ಕ್ಕೆ ಹತ್ತಿರವಾದಷ್ಟೂ ತೊಂದರೆ ಹೆಚ್ಚು.

ವೈದ್ಯರ ಬಳಿ ಹೋಗುವ ಮುನ್ನ ಬರೆದಿಟ್ಟುಕೊಳ್ಳಿ:
• ಸದ್ದು ಯಾವಾಗಿನಿಂದ? ಒಂದೇ ಕಿವಿಯೋ, ಎರಡೂ ಕಿವಿಯೋ?
• ಸದಾ ಇರುತ್ತದೆಯೋ, ಬಂದು ಹೋಗುತ್ತದೆಯೋ?
• ನಿದ್ದೆ, ಕೆಲಸಕ್ಕೆ ಎಷ್ಟು ಅಡ್ಡಿ?
• ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ?

ತಡಮಾಡಬೇಡಿ
ಇದ್ದಕ್ಕಿದ್ದಂತೆ ಕಿವಿ ಕೇಳದಾದರೆ, ಜೋರು ತಲೆಸುತ್ತು ಬಂದರೆ ಅಥವಾ ಮುಖ ಸೊಟ್ಟಗಾದರೆ ಅಂದೇ ಆಸ್ಪತ್ರೆಗೆ ಹೋಗಿ. ಸದ್ದು ಒಂದೇ ಕಿವಿಯಲ್ಲಿದ್ದರೆ ಅಥವಾ ನಾಡಿ ಬಡಿತದ ಲಯಕ್ಕೇ ಕೇಳುತ್ತಿದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಕಿವಿಗೆ ಬಿಸಿ ಎಣ್ಣೆ ಬಿಡುತ್ತಾ ದಿನ ಕಳೆಯಬೇಡಿ.

ಒಟ್ಟಿನಲ್ಲಿ: ನಾರ್ಮಲ್ ವರದಿ ಸಮಾಧಾನದ ಸುದ್ದಿ, ನಿಜ. ಆದರೆ ಸದ್ದು ಸುಳ್ಳು ಎಂಬುದಕ್ಕೆ ಅದು ಸಾಕ್ಷಿಯಲ್ಲ. ಮನೆಯಲ್ಲಿ ಯಾರಾದರೂ ಹೀಗೆ ಹೇಳುತ್ತಿದ್ದರೆ ಮೊದಲು ನಂಬಿ, ಆಮೇಲೆ ಪರೀಕ್ಷೆ ಮಾಡಿಸಿ.